ಡಿಸ್ಕ್ ಗಾಲ್ಫ್‌ಗೆ ಮೊದಲ ಬಿಲ್ಲೆ: ಕಾಸಿಗೆ ತಕ್ಕ ಡಿಸ್ಕ್ ಆರಿಸುವುದು ಹೇಗೆ?

ಹೋದ ಭಾನುವಾರ ಬೆಳಗ್ಗೆ ಬಂಗಾರಪೇಟೆ ರಸ್ತೆ ಪಕ್ಕದ ನೀಲಗಿರಿ ತೋಪಿಗೆ ಕಾಲೇಜು ಹುಡುಗನೊಬ್ಬ ಹೊಸ ಡಿಸ್ಕ್ ಹಿಡಿದು ಬಂದಿದ್ದ. ಅದರ ಮೇಲೆ ದಪ್ಪಗೆ 13 ಅಂತ ಅಚ್ಚಾಗಿತ್ತು. ನಾಲ್ಕು ಹೆಜ್ಜೆ ಓಡಿ ಬಂದು, ಇದ್ದ ಬಲವೆಲ್ಲ ಹಾಕಿ ಎಸೆದ. ಮೂವತ್ತು ಮೀಟರ್ ಹೋಗಿರಬೇಕು, ಡಿಸ್ಕ್ ಎಡಕ್ಕೆ ವಾಲಿ ನೇರ ಜಾಲಿ ಪೊದೆಯೊಳಕ್ಕೆ ನುಗ್ಗಿತು. ಎರಡನೇ ಸಲವೂ ಅದೇ ಪೊದೆ. "ಅಣ್ಣಾ, ಇದು ಡ್ಯಾಮೇಜ್ ಪೀಸು. ವಾಪಸ್ ಕಳಿಸ್ತೀನಿ" ಅಂದ. ನನ್ನ ಚೀಲದಲ್ಲಿದ್ದ ಹಳೇ ಪಟ್ಟರ್, ಅಂದರೆ ಹತ್ತಿರದ ಗುರಿಗೆ ಎಸೆಯುವ ನಿಧಾನದ ಡಿಸ್ಕ್, ಕೊಟ್ಟೆ. ಅದೇ ಕೈ, ಅದೇ ಜಾಗ. ಈ ಸಲ ಡಿಸ್ಕ್ ಸಾಲು ಮರಗಳ ಮಧ್ಯೆ ನೆಟ್ಟಗೆ ಹೋಗಿ, ನಲವತ್ತೈದು ಮೀಟರ್ ದೂರದಲ್ಲಿ ಮೆತ್ತಗೆ ಕೂತಿತು. ಅವನ ಡಿಸ್ಕ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ಅವನಂಥ ಹೊಸಬರ ಕೈಗೆ ಅಂತ ಮಾಡಿರಲಿಲ್ಲ, ಅಷ್ಟೇ.

ಕೋಲಾರದಲ್ಲಿ ಈ ಆಟಕ್ಕೆ ಬರುವ ಹತ್ತು ಜನರಲ್ಲಿ ಎಂಟು ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫ್‌ನಲ್ಲಿ ಚೆಂಡನ್ನು ಗುಳಿಗೆ ಹಾಕುತ್ತಾರೆ, ಇಲ್ಲಿ ಡಿಸ್ಕನ್ನು ಸರಪಳಿ ಇಳಿಬಿಟ್ಟ ಬುಟ್ಟಿಗೆ ಹಾಕುತ್ತಾರೆ. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದ ಹಾಗೆ. ಬುಟ್ಟಿ ಇಲ್ಲ ಅಂತ ಚಿಂತೆ ಬೇಡ. 1975ರಲ್ಲಿ ಎಡ್ ಹೆಡ್ರಿಕ್ ಅನ್ನುವವರು ಕ್ಯಾಲಿಫೋರ್ನಿಯಾದ ಓಕ್ ಗ್ರೋವ್‌ನಲ್ಲಿ ಈ ಆಟದ ಅಂಗಳ ಶುರು ಮಾಡಿದಾಗ ಅಲ್ಲೂ ಬುಟ್ಟಿ ಇರಲಿಲ್ಲ, ಕಂಬಕ್ಕೆ ಗುರಿಯಿಟ್ಟು ಹೊಡೆಯುತ್ತಿದ್ದರು. ನಾವು ಮರಕ್ಕೆ ಬಿಳಿ ಬಟ್ಟೆ ಕಟ್ಟಿ ಆಡುತ್ತೇವೆ. ತೋಪಿನ ಮಾಲೀಕರನ್ನು ಒಂದು ಮಾತು ಕೇಳಿ ಒಳಗೆ ಹೋಗಿ. ನಮ್ಮಲ್ಲಿನ ಚಿಕ್ಕ ಹುಡುಗರು ಡಿಸ್ಕ್ ಅನ್ನುವುದೇ ಇಲ್ಲ, ಬಿಲ್ಲೆ ಅಂತಾರೆ.

ಒಂದು: ಆಟಿಕೆಯನ್ನು ಪಕ್ಕಕ್ಕಿಡಿ

ಗಾಲ್ಫ್ ಡಿಸ್ಕ್ ಅಗಲ ಸುಮಾರು 21 ಸೆಂ.ಮೀ. ಅಲ್ಟಿಮೇಟ್ ಅನ್ನುವ ತಂಡದ ಆಟ ಆಡುವವರ 175 ಗ್ರಾಂನ ಫ್ರಿಸ್ಬಿ 27 ಸೆಂ.ಮೀ. ದಾಟುತ್ತದೆ. ಅದು ಹಿಡಿಯಲು ಮಾಡಿದ್ದು, ಬುಟ್ಟಿಗಲ್ಲ. ನಾಯಿಗೆ ಎಸೆಯುವ ತೆಳು ತಟ್ಟೆಯಂತೂ ನಮ್ಮ ಗಾಳಿಗೆ ಎಲ್ಲಿಗೆ ಹೋಗುತ್ತದೋ ಹೇಳುವುದೇ ಕಷ್ಟ.

ಆನ್‌ಲೈನಿನಲ್ಲಿ "ಡಿಸ್ಕ್ ಗಾಲ್ಫ್ ಸೆಟ್" ಅಂತ ತೋರಿಸುವುದನ್ನೆಲ್ಲ ನಂಬಬೇಡಿ. ನಾನು ಮೊದಲು ತರಿಸಿದ ಸೆಟ್‌ನಲ್ಲಿ ಮೂರು ಬಣ್ಣದ ಮೂರು ಡಿಸ್ಕ್ ಇದ್ದವು. ಒಂದರ ಮೇಲೆ ಪಟ್ಟರ್, ಒಂದರ ಮೇಲೆ ಮಿಡ್‌ರೇಂಜ್ (ಮಧ್ಯಮ ದೂರದ್ದು), ಇನ್ನೊಂದರ ಮೇಲೆ ಡ್ರೈವರ್ (ದೂರ ಎಸೆಯುವಂಥದ್ದು) ಅಂತ ಬರೆದಿತ್ತು. ಒಂದರ ಮೇಲೊಂದು ಇಟ್ಟು ನೋಡಿದರೆ ಮೂರೂ ಒಂದೇ ಅಚ್ಚಿನವು. ಮೊದಲ ದಿನವೇ ಒಂದು ಬಂಡೆಗೆ ಬಡಿದು ಸೀಳಿತು. ಅವತ್ತಿನಿಂದ ಮೂರು ವಿವರ ಸಿಗದೆ ನಾನು ಕೊಳ್ಳುವುದಿಲ್ಲ: ತಯಾರಕರ ಹೆಸರು, ಆ ಅಚ್ಚಿನ ಹೆಸರು, ಗ್ರಾಂನಲ್ಲಿ ತೂಕ. ತೂಕವನ್ನು ಸಾಮಾನ್ಯವಾಗಿ ಡಿಸ್ಕ್‌ನ ಅಡಿಭಾಗದಲ್ಲಿ ಪೆನ್ನಿನಲ್ಲಿ ಬರೆದಿರುತ್ತಾರೆ, ಇಲ್ಲವೇ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅಡಿಭಾಗದ ಫೋಟೊ ಕೇಳಿ. ಕಳಿಸದಿದ್ದರೆ ಬಿಟ್ಟುಬಿಡಿ.

ಎರಡು: ನಾಲ್ಕು ಅಂಕಿಗಳನ್ನು ಓದುವುದು ಕಲಿಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಉಳಿದ ಎಲ್ಲ ತಪ್ಪನ್ನೂ ಆಮೇಲೆ ತಿದ್ದಿಕೊಳ್ಳಬಹುದು. ಇಲ್ಲಿ ತಪ್ಪಿದರೆ ಆಟವೇ ಬೇಸರ ಬಂದುಬಿಡುತ್ತದೆ.

ಡಿಸ್ಕ್ ಮೇಲೆ ನಾಲ್ಕು ಅಂಕಿ ಇರುತ್ತವೆ. ಕ್ರಮವಾಗಿ ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಮೊದಲನೆಯದನ್ನು ನೋಡಿಯೇ ಜನ ಮೋಸ ಹೋಗುವುದು. ಬೈಕಿನ ಸಿಸಿ ಥರ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಸ್ಪೀಡ್ ಅಂದರೆ ಆ ಡಿಸ್ಕ್ ಸರಿಯಾಗಿ ಹಾರಬೇಕಾದರೆ ನಿಮ್ಮ ಕೈಯಿಂದ ಎಷ್ಟು ವೇಗ ಕೇಳುತ್ತದೆ ಅಂತ. 12, 13 ಇರುವ ಡಿಸ್ಕ್ ತುಂಬಾ ವೇಗ ಕೇಳುತ್ತದೆ. ವರ್ಷಗಟ್ಟಲೆ ಎಸೆದು ಪಳಗಿದವರು ಅದನ್ನು ಕೊಡಬಲ್ಲರು. ಹೊಸಬರ ಕೈಗೆ ಅದು ದಕ್ಕುವುದಿಲ್ಲ.

ಕಾರಣ ಅಂಚಿನಲ್ಲಿದೆ. ಪಟ್ಟರ್‌ನ ಅಂಚು ಮೊಂಡು, ಬಟ್ಟಲಿನ ಕಂಠದ ಹಾಗೆ. ಡ್ರೈವರ್‌ನ ಅಂಚು ಅಗಲ, ತುದಿಗೆ ಹೋಗುತ್ತಾ ಚೂಪು. ಗಾಳಿಯನ್ನು ಸೀಳಿಕೊಂಡು ಹೋಗಲಿ ಅಂತ. 1983ರಲ್ಲಿ ಇನ್ನೋವಾ ಅನ್ನುವ ಡಿಸ್ಕ್ ಕಂಪನಿಯವರು ಈಗಲ್ ಅನ್ನುವ ಡಿಸ್ಕ್‌ಗೆ ಹೀಗೆ ಇಳಿಜಾರು ಅಂಚು ಮಾಡಿದ ಮೇಲೆ ಡಿಸ್ಕ್‌ಗಳು ದೂರ ಹೋಗತೊಡಗಿದವು. ಅವರದೇ ಸ್ಪೀಡ್ 12ರ ಡಿಸ್ಟ್ರಾಯರ್ ಅನ್ನುವ ಡ್ರೈವರ್‌ನ ಅಂಚಿಗೆ ಶಾಲೆ ಮಕ್ಕಳ ಸ್ಕೇಲ್ ಇಟ್ಟು ನೋಡಿ, 2 ಸೆಂ.ಮೀ.ಗಿಂತ ಜಾಸ್ತಿ ಇದೆ. ಪಟ್ಟರ್‌ನದು ಸುಮಾರು ಅದರ ಅರ್ಧ. ಚಿಕ್ಕ ಕೈಯವರಿಗೆ ಆ ಅಗಲದ ಅಂಚನ್ನು ಗಟ್ಟಿಯಾಗಿ ಹಿಡಿಯುವುದೇ ಕಷ್ಟ. ಎಸೆಯುವಾಗ ಬೇಗ ಜಾರಿಬಿಡುತ್ತದೆ.

ಗ್ಲೈಡ್ ಅಂದರೆ ಗಾಳಿಯಲ್ಲಿ ಎಷ್ಟು ಹೊತ್ತು ತೇಲುತ್ತದೆ ಅನ್ನುವುದು. ಕೈ ನಿಧಾನ ಇರುವವರಿಗೆ 4 ಅಥವಾ 5 ಇರಲಿ, ಡಿಸ್ಕೇ ಸ್ವಲ್ಪ ದೂರ ಹೊತ್ತುಕೊಂಡು ಹೋಗುತ್ತದೆ.

ಇನ್ನು ಟರ್ನ್ ಮತ್ತು ಫೇಡ್. ಬಲಗೈಯವರು ಕೈಯನ್ನು ಎದೆಗೆ ಅಡ್ಡ ತಂದು, ಹಿಂಗೈ ಮುಂದೆ ಮಾಡಿ ಎಸೆಯುವ ಲೆಕ್ಕದಲ್ಲಿ ಹೇಳುತ್ತಿದ್ದೇನೆ. ಎಡಗೈಯವರು ಎಲ್ಲವನ್ನೂ ತಿರುಗಾಮುರುಗಾ ಮಾಡಿಕೊಳ್ಳಿ. ಡಿಸ್ಕ್ ವೇಗದಲ್ಲಿ ಇರುವಾಗ ಬಲಕ್ಕೆ ಎಷ್ಟು ವಾಲುತ್ತದೆ ಅನ್ನುವುದು ಟರ್ನ್. -1, -2, -3 ಅಂತ ಹೋದಷ್ಟೂ ಬಲಕ್ಕೆ ಜಾಸ್ತಿ. ವೇಗ ಇಳಿದ ಮೇಲೆ ಕೊನೆಯಲ್ಲಿ ಎಡಕ್ಕೆ ಎಷ್ಟು ಎಳೆಯುತ್ತದೆ ಅನ್ನುವುದು ಫೇಡ್. 0 ಅಂದರೆ ಎಳೆತ ಇಲ್ಲವೇ ಇಲ್ಲ ಅನ್ನುವಷ್ಟು. 3 ಅಂದರೆ ಜೋರು ಕೊಕ್ಕೆ.

ಈಗ ಆ ಹುಡುಗನ ಪೊದೆಗೆ ವಾಪಸ್ ಬರೋಣ. ಡಿಸ್ಟ್ರಾಯರ್ ಮೇಲಿನ ಅಂಕಿ 12, 5, -1, 3. ಅವನ ಡಿಸ್ಕೂ ಇದೇ ಜಾತಿಯದು. ಅದು ಕೇಳುವ ವೇಗ ಸಿಕ್ಕರೆ ಮೊದಲು ತುಸು ಬಲಕ್ಕೆ ವಾಲಿ, ಕೊನೆಯಲ್ಲಿ ಎಡಕ್ಕೆ ಬಂದು, ಒಟ್ಟಿನಲ್ಲಿ ತುಂಬಾ ದೂರ ಹೋಗುತ್ತದೆ. ವೇಗ ಸಿಗದಿದ್ದರೆ ಆ -1 ಕೆಲಸ ಮಾಡುವುದೇ ಇಲ್ಲ. ಡಿಸ್ಕ್ ಲೆಕ್ಕಕ್ಕೆ ಅದು ಕೈ ಬಿಟ್ಟಾಗಲೇ ನಿಧಾನ ಇದೆ. ಹಾಗಾಗಿ ಕೊನೆಗೆ ಬರಬೇಕಾದ 3 ಮೊದಲೇ ಬರುತ್ತದೆ. ಜೋರಾಗಿ ಎಸೆದರೆ ಸರಿಹೋಗುತ್ತದೆ ಅಂತ ಹೊಸಬರು ಭುಜಕ್ಕೆ ಬಲ ಹಾಕುತ್ತಾರೆ, ಸೋಮವಾರ ಕೈ ಎತ್ತಲು ಆಗುವುದಿಲ್ಲ.

ಅದೇ ಇನ್ನೋವಾದ ಲೆಪರ್ಡ್ ನೋಡಿ: 6, 5, -2, 1. ಕೇಳುವ ವೇಗ ಅರ್ಧ. ಬಲಕ್ಕೆ ವಾಲುವ ಗುಣ ಇದೆ, ಎಡಕ್ಕೆ ಎಳೆಯುವುದು ಕಡಿಮೆ. ನಿಧಾನ ಕೈಯಲ್ಲಿ ಎರಡೂ ಸೇರಿ ಡಿಸ್ಕ್ ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತದೆ. ಐವತ್ತು ಅರವತ್ತು ಮೀಟರ್ ಎಸೆಯುವವರಿಗೆ ಡಿಸ್ಟ್ರಾಯರ್‌ಗಿಂತ ಲೆಪರ್ಡೇ ದೂರ ಹೋಗುವುದನ್ನು ನಮ್ಮ ತೋಪಿನಲ್ಲಿ ಎಷ್ಟೋ ಸಲ ಹೆಜ್ಜೆ ಹಾಕಿ ಅಳೆದಿದ್ದೇವೆ.

ಒಂದು ಎಚ್ಚರಿಕೆ. ಈ ಅಂಕಿಗಳನ್ನು ಒಬ್ಬೊಬ್ಬ ತಯಾರಕರು ತಮ್ಮ ತಮ್ಮ ಅಂದಾಜಿನಲ್ಲಿ ಕೊಡುತ್ತಾರೆ. ಒಂದು ಕಂಪನಿಯ 7 ಇನ್ನೊಂದರ 7 ಆಗಬೇಕಿಲ್ಲ. ಒಂದೇ ಕಂಪನಿಯೊಳಗೆ ಹೋಲಿಸಿ ನೋಡಲು ಮಾತ್ರ ನಂಬಿ.

ಇಷ್ಟು ತಿಳಿದ ಮೇಲೆ ಪಟ್ಟಿ ಚಿಕ್ಕದು. ಮೊದಲು ಒಂದು ಪಟ್ಟರ್, ಒಂದು ಮಿಡ್‌ರೇಂಜ್ ಕೊಳ್ಳಿ. ಪಟ್ಟರ್‌ಗೆ ಇನ್ನೋವಾದ ಏವಿಯಾರ್ ಅಥವಾ ಡೈನಾಮಿಕ್ ಡಿಸ್ಕ್ಸ್‌ನ ಜಡ್ಜ್. ಮಿಡ್‌ರೇಂಜ್‌ಗೆ ಡಿಸ್ಕ್ರಾಫ್ಟ್‌ನ ಬಝ್, ಕಣ್ಣು ಮುಚ್ಚಿ ಕೊಳ್ಳಬಹುದು. ಎರಡು ತಿಂಗಳು ಇವೆರಡರಲ್ಲೇ ಆಡಿ. ಆಮೇಲೆ ಡ್ರೈವರ್ ಆಗಿ ಲೆಪರ್ಡ್ ಅಥವಾ ಲ್ಯಾಟಿಟ್ಯೂಡ್ 64 ಕಂಪನಿಯ ರಿವರ್ ಸೇರಿಸಿಕೊಳ್ಳಿ. ಹತ್ತು ಡಿಸ್ಕ್‌ನ ಸೆಟ್ ಎಷ್ಟೇ ಸೋವಿಯಾದರೂ ಬೇಡ. ಅದರಲ್ಲಿ ಏಳು ಡಿಸ್ಕ್ ಅಟ್ಟ ಸೇರುತ್ತವೆ.

ಮೂರು: ಪ್ಲಾಸ್ಟಿಕ್‌ಗೆ ಕೊಡುವ ದುಡ್ಡು

ಒಂದೇ ಅಚ್ಚಿನ ಡಿಸ್ಕ್ ಎರಡು ಮೂರು ಬಗೆಯ ಪ್ಲಾಸ್ಟಿಕ್‌ನಲ್ಲಿ ಸಿಗುತ್ತದೆ. ಇನ್ನೋವಾದಲ್ಲಿ ಡಿಎಕ್ಸ್ ಅಗ್ಗದ್ದು, ಚಾಂಪಿಯನ್ ಮತ್ತು ಸ್ಟಾರ್ ದುಬಾರಿ. ಡಿಸ್ಕ್ರಾಫ್ಟ್‌ನಲ್ಲಿ ಪ್ರೊ-ಡಿ ಅಗ್ಗ, ಝಡ್ ಮತ್ತು ಇಎಸ್‌ಪಿ ದುಬಾರಿ. ಬೆಲೆ ಹೆಚ್ಚುಕಡಿಮೆ ಎರಡರಷ್ಟು.

ಹುಲ್ಲಿನ ಮೈದಾನದಲ್ಲಿ ಆಡುವವರಿಗೆ ಅಗ್ಗದ ಪ್ಲಾಸ್ಟಿಕ್ ಸಾಕು ಅಂತ ಎಲ್ಲ ಕಡೆ ಹೇಳುತ್ತಾರೆ. ನಮ್ಮದು ಬಂಡೆ ನಾಡು. ಅಂತರಗಂಗೆ ಬೆಟ್ಟದ ತಪ್ಪಲಿನಲ್ಲಿ ನಾಲ್ಕು ಎಸೆತಕ್ಕೆ ಒಂದು ಕಲ್ಲಿಗೆ ಬಡಿಯುತ್ತದೆ. ನನ್ನ ಡಿಎಕ್ಸ್ ಲೆಪರ್ಡ್ ಅಂಚು ಆರೇ ತಿಂಗಳಲ್ಲಿ ಇಲಿ ಕಡಿದ ಕೊಬ್ಬರಿ ಥರ ಆಯಿತು. ಅಂಚು ಸವೆದಂತೆ ಹಾರಾಟವೂ ಬದಲಾಗುತ್ತದೆ, ಡಿಸ್ಕ್ ಜಾಸ್ತಿ ಜಾಸ್ತಿ ಬಲಕ್ಕೆ ವಾಲತೊಡಗುತ್ತದೆ. ಹಾಗಾಗಿ ಮಿಡ್‌ರೇಂಜ್ ಮತ್ತು ಡ್ರೈವರ್‌ಗೆ ದುಬಾರಿ ಪ್ಲಾಸ್ಟಿಕ್ಕೇ ಕೊಳ್ಳಿ. ಒಂದು ಬಝ್ ಝಡ್ ಪ್ಲಾಸ್ಟಿಕ್‌ನಲ್ಲಿ ತಂದರೆ ಬಹಳ ಕಾಲ ಬಾಳುತ್ತದೆ. ನೆನಪಿರಲಿ, ದುಬಾರಿ ಪ್ಲಾಸ್ಟಿಕ್‌ನಲ್ಲಿ ಅದೇ ಅಚ್ಚು ಸ್ವಲ್ಪ ಎಡಕ್ಕೆ ಜಾಸ್ತಿ ಎಳೆಯುತ್ತದೆ.

ಪಟ್ಟರ್‌ಗೆ ಮಾತ್ರ ಅಗ್ಗದ್ದೇ ಒಳ್ಳೆಯದು. ಅಂಗೈಗೆ ಅಂಟಿದ ಹಾಗೆ ಹಿಡಿತ ಸಿಗುತ್ತದೆ. ಬುಟ್ಟಿಗೆ ಹತ್ತಿರದಿಂದ ಹಾಕುವ ಡಿಸ್ಕ್, ಜೋರಾಗಿ ಬಡಿಯುವುದೂ ಕಡಿಮೆ.

ಕೊರಿಯರ್ ಖರ್ಚು ಉಳಿಸಲು ನಾಲ್ಕು ಜನ ಸೇರಿ ಒಂದೇ ಸಲ ತರಿಸಿ. ಅಮೆರಿಕದಿಂದ ಮನೆಯವರೋ ಪರಿಚಯದವರೋ ಬರುವುದಿದ್ದರೆ ಇನ್ನೂ ಒಳ್ಳೆಯದು. ಮೂರು ಡಿಸ್ಕ್ ಅರ್ಧ ಕೇಜಿ ಚಿಲ್ಲರೆ, ಸೂಟ್‌ಕೇಸಿನ ತಳದಲ್ಲಿ ಬಟ್ಟೆ ಮಧ್ಯೆ ಚಪ್ಪಟೆಯಾಗಿ ಕೂರುತ್ತವೆ.

ನಾಲ್ಕು: ತೂಕ, ಬಣ್ಣ

ಈ ಆಟದ ಸಂಸ್ಥೆ ಪಿಡಿಜಿಎ ನಿಯಮದಂತೆ ಡಿಸ್ಕ್‌ನ ಅಗಲದ ಪ್ರತಿ ಸೆಂ.ಮೀ.ಗೆ 8.3 ಗ್ರಾಂ ಮೀರುವಂತಿಲ್ಲ. ಅದಕ್ಕೇ ಬಹಳಷ್ಟು ಡಿಸ್ಕ್ 175ರ ಹತ್ತಿರ ನಿಲ್ಲುತ್ತವೆ. ಪಟ್ಟರ್ 170ರಿಂದ 175 ಇರಲಿ. ಡ್ರೈವರ್ ಮಾತ್ರ ಹೊಸಬರಿಗೆ 160ರ ಆಸುಪಾಸು, ಮಕ್ಕಳಿಗೆ 150. ಹಗುರ ಇದ್ದರೆ ಕೈಯಿಂದ ಬೇಗ ಹೊರಡುತ್ತದೆ. ಆದರೆ ಆಷಾಢದಲ್ಲಿ, ಊರ ಹುಡುಗರೆಲ್ಲ ಗಾಳಿಪಟ ಬಿಡುವ ಹೊತ್ತಿನಲ್ಲಿ, ಹಗುರ ಡಿಸ್ಕ್ ಕೆಲಸಕ್ಕೆ ಬರುವುದಿಲ್ಲ. ಎದುರುಗಾಳಿಗೆ ಡಿಸ್ಕ್ ಬಲಕ್ಕೆ ಮಗುಚಿಕೊಳ್ಳುತ್ತದೆ. ಆ ತಿಂಗಳು ಭಾರದ ಪಟ್ಟರ್ ಮತ್ತು ಮಿಡ್‌ರೇಂಜ್‌ನಲ್ಲೇ ಆಡಿ.

ಬಣ್ಣ ಶೋಕಿಗಲ್ಲ. ಕಳೆದುಹೋದ ಡಿಸ್ಕೇ ಎಲ್ಲಕ್ಕಿಂತ ದುಬಾರಿ ಡಿಸ್ಕ್. ಕೆಂಪು ನಮ್ಮ ಮಣ್ಣಿನಲ್ಲಿ ಕಾಣುವುದಿಲ್ಲ, ಹಸಿರು ಮಳೆಗಾಲದಲ್ಲಿ, ಹಳದಿ ಉದುರಿದ ನೀಲಗಿರಿ ಎಲೆಯ ನಡುವೆ. ಗುಲಾಬಿ ಅಥವಾ ತಿಳಿನೀಲಿ ತೆಗೆದುಕೊಳ್ಳಿ. ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲೆ ನಮ್ಮ ಕೆರೆಗಳಲ್ಲಿ ನೀರು ನಿಂತಿದೆ, ಸಂತೋಷ. ಆದರೆ ಗಾಲ್ಫ್ ಡಿಸ್ಕ್ ಬಹುತೇಕ ಮುಳುಗುತ್ತದೆ. ಕೆರೆ ಕಟ್ಟೆ ಹತ್ತಿರ ಹೊಸ ಡಿಸ್ಕ್ ಎಸೆಯಬೇಡಿ.

ಐದು: ಕೈಗೆ ಬಂದ ಮೇಲೆ

ಕವರ್ ಬಿಚ್ಚಿದ ತಕ್ಷಣ ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಬೋರಲು ಇಡಿ. ಅಂಚನ್ನು ಒಂದೊಂದು ಕಡೆ ಬೆರಳಲ್ಲಿ ಒತ್ತಿ. ಟಕ್ ಟಕ್ ಅಂದರೆ ಸೊಟ್ಟ ಇದೆ ಅಂತ ಅರ್ಥ. ಆಮೇಲೆ ಹೆಬ್ಬೆರಳನ್ನು ಅಂಚಿನ ಕೆಳಗೆ ಇಟ್ಟು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಅಚ್ಚಿನ ಎರಡು ಭಾಗ ಸೇರುವ ಕಡೆ ಕೆಲವೊಮ್ಮೆ ಕೂದಲೆಳೆಯಷ್ಟು ಪ್ಲಾಸ್ಟಿಕ್ ಎದ್ದಿರುತ್ತದೆ. ಹತ್ತು ಎಸೆತಕ್ಕೆ ಅದು ಬೆರಳು ಕುಯ್ಯುತ್ತದೆ. ನಯವಾದ ಉಪ್ಪು ಕಾಗದದಲ್ಲಿ ಎರಡು ಸಲ ಉಜ್ಜಿದರೆ ಸಾಕು. ಅಷ್ಟಕ್ಕೆ ನಿಯಮದ ಅಡ್ಡಿ ಇಲ್ಲ. ಅಂಚಿನ ಆಕಾರ ಬದಲಾಗುವಷ್ಟು ಉಜ್ಜಬೇಡಿ.

ಹಳೇ ಡಿಸ್ಕ್ ಸಿಕ್ಕರೆ ಸಂಕೋಚ ಬೇಡ. ನನ್ನ ಒಳ್ಳೆಯ ಮಿಡ್‌ರೇಂಜ್ ಬೇರೆಯವರು ಆಡಿ ಬಿಟ್ಟಿದ್ದು. ಗೀರು ಇದ್ದರೆ ಪರವಾಗಿಲ್ಲ, ಸೀಳು ಇರಬಾರದು. ಮೆಲ್ಲಗೆ ಬಗ್ಗಿಸಿ ಬೆಳಕಿಗೆ ಹಿಡಿದರೆ ಸೀಳು ಕಾಣುತ್ತದೆ. ಅಡಿಯಲ್ಲಿ ಯಾರದೋ ಫೋನ್ ನಂಬರ್ ಇದ್ದರೆ ಮೊದಲು ಅವರಿಗೆ ಒಂದು ಕರೆ ಮಾಡಿ, ಕಳೆದುಕೊಂಡದ್ದೋ ಮಾರಿದ್ದೋ ಕೇಳಿ.

ನಿಮ್ಮ ಡಿಸ್ಕ್‌ಗೂ ಅಳಿಸದ ಮಾರ್ಕರ್‌ನಲ್ಲಿ ಹೆಸರು, ನಂಬರ್ ಬರೆಯಿರಿ. ನೀಲಗಿರಿ ತೋಪಿನಲ್ಲಿ ಕಳೆದ ನನ್ನ ಪಟ್ಟರ್ ಹದಿನೈದು ದಿನದ ಮೇಲೆ ಸಿಕ್ಕಿತು. ಕುರಿ ಮೇಯಿಸುವ ಅಜ್ಜನೊಬ್ಬರಿಗೆ ಸಿಕ್ಕಿ, ಮೊಮ್ಮಗನ ಕೈಲಿ ಫೋನ್ ಮಾಡಿಸಿದ್ದರು. "ಸ್ವಾಮಿ, ನಿಮ್ಮ ತಟ್ಟೆ ನಮ್ಮನೇಲೈತೆ" ಅಂದರು.

ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟ ಡಿಸ್ಕ್ ಸೊಟ್ಟಗಾದರೆ ಎಸೆದುಬಿಡಬೇಡಿ. ಕೈ ತಡೆಯುವಷ್ಟು ಬಿಸಿ ನೀರಲ್ಲಿ ಕೆಲ ನಿಮಿಷ ಅದ್ದಿ, ಅದೇ ಕಡಪ ಕಲ್ಲಿನ ಮೇಲೆ ಬೋರಲಿಟ್ಟು, ಮೇಲೊಂದು ತಟ್ಟೆ, ತಟ್ಟೆ ಮೇಲೆ ಎರಡು ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಸಾಮಾನ್ಯವಾಗಿ ಬೆಳಗ್ಗೆ ಹೊತ್ತಿಗೆ ಮಟ್ಟಸವಾಗಿರುತ್ತದೆ.