ತುಂಗೆಗೆ ಏನಾದ್ರೂ ಮಾಡ್ಬೇಕು ಅಂತಿದ್ರೆ ಮೊದ್ಲು ನಿಮ್ಮೂರ ಮೋರಿ ಹಿಂದೆ ಹೋಗಿ

ಹೊಳೆಗೆ ಏನಾದ್ರೂ ಮಾಡ್ಬೇಕು ಅನ್ಸುತ್ತೆ ಆದ್ರೆ ಎಲ್ಲಿಂದ ಶುರು ಮಾಡೋದು ಅಂತ ಸುಮಾರು ಜನ ಕೇಳ್ತಾರೆ. ಅವ್ರಿಗೆಲ್ಲ ನಾನು ಹೇಳೋದು ಒಂದೇ, ಇಡೀ ತುಂಗೆನ ತಲೆ ಮೇಲೆ ಹೊತ್ಕೋಬೇಡಿ, ನಿಮ್ಮ ಮನೆ ಹತ್ರ ಇರೋ ಒಂದು ಮೋರಿನೋ ಒಂದು ಹಳ್ಳನೋ ಹಿಡ್ಕೊಳ್ಳಿ, ಹಿಡ್ಕೊಂಡ್ಮೇಲೆ ಬಿಡ್ಬೇಡಿ. ಗಂಗಾಮೂಲದಿಂದ ಭದ್ರೆ ಬಂದು ಸೇರೋ ಕೂಡ್ಲಿವರೆಗೆ ಸುಮಾರು 147 ಕಿಲೋಮೀಟರ್ ಹರಿಯೋ ಹೊಳೆ ಇದು, ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು, ಶಿವಮೊಗ್ಗ ಅಂತ ದಾಟ್ಕೊಂಡು ಬರೋವಾಗ ಗಲೀಜು ಒಂದೇ ಕಡೆ ಸೇರಲ್ಲ, ನೂರಾರು ಸಣ್ಣ ಸಣ್ಣ ಬಾಯಿಂದ ಸೇರುತ್ತೆ. ಆ ಬಾಯಿಗಳಲ್ಲಿ ಒಂದನ್ನ ಕಾಯೋ ಜನ ಇದ್ರೆ ಸಾಕು, ಕೆಲಸ ಅಲ್ಲಿಂದಾನೇ ಶುರು.

ಹಾಗಂತ ದಡ ಕ್ಲೀನ್ ಮಾಡೋ ಶ್ರಮದಾನ ಬೇಡ ಅಂತಲ್ಲ, ಖಂಡಿತ ಹೋಗಿ, ಜನ ಪರಿಚಯ ಆಗ್ತಾರೆ. ಆದ್ರೆ ದಡದಲ್ಲಿ ಎತ್ತಿದ ಪ್ಲಾಸ್ಟಿಕ್ಕು ಮುಂದಿನ ವಾರ ಅದೇ ಮೋರಿಯಿಂದ ವಾಪಸ್ ಬರುತ್ತೆ ಅಲ್ವಾ, ಹಂಗಾಗಿ ಮೋರಿ ಮುಖ್ಯ.

ಮೋರಿ ಹಿಂದೆ ಹೋಗೋದು ಹೆಂಗೆ ಅಂದ್ರೆ, ಫೆಬ್ರವರಿ ಮಾರ್ಚಲ್ಲಿ ಹೊರಡಿ. ಆಗ ಹೊಳೆ ಸಣ್ಣಗಾಗಿರುತ್ತೆ, ಮಳೆನೀರು ಇರಲ್ಲ, ಮೋರಿಲಿ ಏನಾದ್ರೂ ಹರೀತಿದೆ ಅಂದ್ರೆ ಅದು ಯಾರದ್ದೋ ಬಚ್ಚಲು, ಹೋಟ್ಲು, ಸರ್ವಿಸ್ ಸ್ಟೇಷನ್ನು ಇಲ್ಲಾ ಯುಜಿಡಿ (ಒಳಚರಂಡಿ) ಚೇಂಬರ್ ಉಕ್ಕಿರೋದು. ಹೊಳೆ ಸೇರೋ ಜಾಗದಿಂದ ಮೇಲಕ್ಕೆ ನಡೀತಾ ಹೋಗಿ, ಬೆಳಿಗ್ಗೆ ಏಳರ ಸುಮಾರಿಗೆ ಒಂದ್ಸಲ, ಮಧ್ಯಾಹ್ನ ಊಟದ ಹೊತ್ತು ಕಳೆದ್ಮೇಲೆ ಒಂದ್ಸಲ, ಯಾಕಂದ್ರೆ ನೀರಿನ ಬಣ್ಣ ಹೊತ್ತಿಗೊಂದು ಥರ ಇರುತ್ತೆ. ನೊರೆ ಇದೆಯಾ, ಜಿಡ್ಡು ತೇಲ್ತಾ ಇದೆಯಾ, ವಾಸನೆ ಯಾವ್ದು, ಯಾವ ಪೈಪ್ ಬಂದು ಸೇರೋ ಕಡೆ ಬಣ್ಣ ಬದಲಾಯ್ತು, ಎಲ್ಲ ಒಂದು ನೋಟ್‌ಬುಕ್ಕಲ್ಲಿ ಬರೀರಿ, ಫೋನಲ್ಲಿ ಲೊಕೇಶನ್ ಆನ್ ಮಾಡಿ ಫೋಟೋ ತೆಗೀರಿ. ದಿಶಾಂಕ್ ಆ್ಯಪ್ ಹಾಕ್ಕೊಂಡ್ರೆ ನೀವು ನಿಂತಿರೋ ಜಾಗದ ಸರ್ವೆ ನಂಬರ್ ಸಿಗುತ್ತೆ, ಹಳ್ಳ ಎಲ್ಲಿ ಹರೀಬೇಕು, ಎಲ್ಲಿ ಮುಚ್ಚಿ ಸೈಟ್ ಮಾಡಿದ್ದಾರೆ ಅಂತ ಅಂದಾಜು ಸಿಕ್ಕಿಬಿಡುತ್ತೆ. ಆಮೇಲೆ ಗ್ರಾಮ ನಕ್ಷೆ ತಗೊಂಡು ಹೋಲಿಸಿ.

ಹಳ್ಳಿ ಕಡೆಯವ್ರು ಹಳ್ಳದಲ್ಲಿರೋ ಕಲ್ಲು ಎತ್ತಿ ನೋಡಿ. ಅಡಿಲಿ ಮೂರು ಬಾಲದ ಸಣ್ಣ ಹುಳ ಅಂಟ್ಕೊಂಡಿದ್ರೆ ನೀರು ಚೆನ್ನಾಗಿದೆ ಅಂತ ಲೆಕ್ಕ, ಅದು ಆಕ್ಸಿಜನ್ ಕಮ್ಮಿ ಆದ್ರೆ ಬದುಕಲ್ಲ. ಅದರ ಬದ್ಲು ಕೆಸರಲ್ಲಿ ಬರೀ ಕೆಂಪು ಹುಳ ತುಂಬ್ಕೊಂಡಿದ್ರೆ ಮೇಲೆ ಎಲ್ಲೋ ಕೊಳಚೆ ಸೇರ್ತಿದೆ ಅಂತ ಅರ್ಥ. ಮಕ್ಕಳಿಗೆ ಇದನ್ನ ಒಂದ್ಸಲ ತೋರ್ಸಿ, ಆಮೇಲೆ ಅವೇ ನಿಮ್ಮನ್ನ ಎಳ್ಕೊಂಡು ಹೋಗ್ತಾವೆ.

ನೀರು ಟೆಸ್ಟ್ ಮಾಡ್ಸೋದಿದ್ರೆ ಗ್ರಾಮ ಪಂಚಾಯ್ತಿಲಿ ಕಿಟ್ ಇದೆಯಾ ಕೇಳಿ, ಜಲ ಜೀವನ್ ಮಿಷನ್‌ನಲ್ಲಿ ಹೆಣ್ಮಕ್ಕಳಿಗೆ ಅದರ ಟ್ರೇನಿಂಗ್ ಕೊಟ್ಟಿದ್ದಾರೆ. ಬ್ಯಾಕ್ಟೀರಿಯಾ ನೋಡ್ಬೇಕು ಅಂದ್ರೆ ಲ್ಯಾಬಿಗೇ ಕೊಡ್ಬೇಕು, ಬಾಟ್ಲಿನೂ ಅಲ್ಲಿಂದಾನೇ ತರ್ಬೇಕು, ಮನೆಲಿರೋ ಬಿಸ್ಲೇರಿ ಬಾಟ್ಲಿ ನಡೆಯಲ್ಲ. ಬಾಟ್ಲಿ ಬಾಯಿ ನೀರು ಬರೋ ದಿಕ್ಕಿಗಿಟ್ಟು, ಮೇಲ್ಮೈಯಿಂದ ಒಂದು ಗೇಣು ಕೆಳಗೆ ಮುಳುಗ್ಸಿ ತುಂಬ್ಸಿ, ಐಸ್ ಡಬ್ಬಿಲಿಟ್ಟು ಅವತ್ತೇ ತಲುಪ್ಸಿ. ಮೋರಿ ಸೇರೋಕಿಂತ ಮೇಲೆ ಒಂದು, ಕೆಳಗೆ ಒಂದು, ಎರಡು ಸ್ಯಾಂಪಲ್ ಇರ್ಲಿ, ಒಂದೇ ಇದ್ರೆ ಏನೂ ಸಾಬೀತಾಗಲ್ಲ. ರಿಪೋರ್ಟ್ ಓದೋಕೆ ಒಂದು ಅಳತೆ ಹೇಳ್ತೀನಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಾರ ಸ್ನಾನಕ್ಕೆ ಆಗೋ ನೀರಲ್ಲಿ ಕರಗಿರೋ ಆಕ್ಸಿಜನ್ ಲೀಟರ್‌ಗೆ 5 ಮಿಲಿಗ್ರಾಂ ಅಥವಾ ಜಾಸ್ತಿ ಇರ್ಬೇಕು, ಬಿಒಡಿ (ನೀರಲ್ಲಿರೋ ಕೊಳೆ ಕರಗಿಸೋಕೆ ಸೂಕ್ಷ್ಮಜೀವಿಗಳಿಗೆ ಬೇಕಾಗೋ ಆಕ್ಸಿಜನ್) 3 ಮಿಲಿಗ್ರಾಂ ದಾಟ್ಬಾರ್ದು, ಕೋಲಿಫಾರ್ಮ್ (ಕೊಳಚೆ ಸೇರಿರೋ ಸುಳಿವು ಕೊಡೋ ಬ್ಯಾಕ್ಟೀರಿಯಾ) 100 ಎಂಎಲ್‌ಗೆ 500 ದಾಟ್ಬಾರ್ದು.

ಇನ್ನು ಅರ್ಜಿ ವಿಷಯ. ಬಾಯಲ್ಲಿ ಹೇಳಿದ್ದು ಅಲ್ಲೇ ಕರಗಿ ಹೋಗುತ್ತೆ, ವಾಟ್ಸಾಪಲ್ಲಿ ಹಾಕಿದ್ದೂ ಅಷ್ಟೇ. ಒಂದು ಪೇಜ್ ಬರೀರಿ, ಫೋಟೋ ಅಂಟ್ಸಿ, ಆಫೀಸಿನ ಟಪಾಲು ಸೆಕ್ಷನ್ನಲ್ಲಿ ಕೊಟ್ಟು ಸೀಲ್ ಹಾಕಿಸಿ ಸ್ವೀಕೃತಿ ತಗೊಳ್ಳಿ. ಕಸ, ಚೇಂಬರ್ ಅಂದ್ರೆ ಪಾಲಿಕೆ ಇಲ್ಲಾ ಪಟ್ಟಣ ಪಂಚಾಯ್ತಿ. ಕಾರ್ಖಾನೆ, ದೊಡ್ಡ ಹೋಟ್ಲು, ಕಲ್ಯಾಣ ಮಂಟಪದ ನೀರಾದ್ರೆ ಮಾಲಿನ್ಯ ನಿಯಂತ್ರಣ ಮಂಡಳಿ ಆಫೀಸು, ಅವ್ರಿಗೆ 1974ರ ಜಲ ಕಾಯ್ದೆಲಿ ಅಧಿಕಾರ ಇದೆ. ಮರಳು ಅಂದ್ರೆ ಗಣಿ ಇಲಾಖೆ ಮತ್ತೆ ತಹಶೀಲ್ದಾರ್ರು, ಆದ್ರೆ ರಾತ್ರಿ ಮರಳು ಎತ್ತೋರ ಮುಂದೆ ಒಬ್ರೇ ಹೋಗಿ ನಿಲ್ಲೋ ಧೈರ್ಯ ಬೇಡ, 112ಕ್ಕೆ ಫೋನ್ ಮಾಡಿ. ಉತ್ತರ ಬರ್ಲಿಲ್ಲ ಅಂದ್ರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡ್ಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಅದಕ್ಕೇ ಸುತ್ತಿ ಬಳಸಿ ಬರೀಬೇಡಿ, "ನನ್ನ ಇಂಥ ತಾರೀಖಿನ ಅರ್ಜಿ ಮೇಲೆ ಏನು ಕ್ರಮ ಆಗಿದೆ, ಕಡತದ ಪ್ರತಿ ಕೊಡಿ" ಅಷ್ಟೇ ಸಾಕು. ತಾಳ್ಮೆ ಬೇಕು ಮಾರಾಯ್ರೆ. ಕುದುರೆಮುಖದ ಗಣಿ ನಿಲ್ಲೋಕೆ ಎಷ್ಟು ವರ್ಷದ ಹೋರಾಟ ಬೇಕಾಯ್ತು, 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ್ಮೇಲೂ 2005ರ ಕೊನೆವರೆಗೆ ನಡೀತು, ಆದ್ರೂ ನಿಲ್ತು, ಕಾಗದ ಪತ್ರ ಇಟ್ಕೊಂಡು ಪಟ್ಟು ಬಿಡದೆ ಕೂತವ್ರಿಂದ.

ತೋಟ ಇರೋರಿಗೆ ಬೇರೆನೇ ಕೆಲಸ ಇದೆ, ಇದನ್ನ ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳ್ತೀನಿ ಯಾಕಂದ್ರೆ ಮಲೆನಾಡಲ್ಲಿ ಹೊಳೆ ಅಂದ್ರೆ ತೋಟದ ಹಳ್ಳಾನೇ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯೋದು ಮಳೆ ಶುರುವಾಗೋ ಹೊತ್ತಿಗೆ, ಹತ್ತುಮೀನು ಮೊಟ್ಟೆ ಇಡೋಕೆ ಹಳ್ಳ ಗದ್ದೆ ಅಂತ ಏರೋದೂ ಅದೇ ಹೊತ್ತಿಗೆ. ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ಕಲಸಿದ ಡ್ರಮ್ಮು, ಪೈಪು, ಗನ್ನು ಎಲ್ಲ ತಂದು ಹಳ್ಳದಲ್ಲಿ ತೊಳೆದ್ರೆ ಮೈಲುತುತ್ತ ಸೀದಾ ಮೀನಿಗೆ, ತಾಮ್ರ ಸ್ವಲ್ಪ ಇದ್ರೂ ಮರಿ ಉಳಿಯಲ್ಲ. ಹಳ್ಳದಿಂದ ದೂರ ತೋಟದ ಒಳಗೇ ಡ್ರಮ್ ಇಟ್ಟು ಕಲಸಿ, ತೊಳೆದ ನೀರನ್ನ ಮುಂದಿನ ಡ್ರಮ್ಮಿಗೇ ಹಾಕಿ, ಔಷಧಿ ಹೊಡೆಯೋಕೆ ಬಂದವ್ರಿಗೂ ಮೊದ್ಲೇ ಹೇಳಿಡಿ. ಅಡಿಕೆ ಸಿಪ್ಪೆನೂ ಅಷ್ಟೇ, ಟ್ರ್ಯಾಕ್ಟರಲ್ಲಿ ತಂದು ಹಳ್ಳದ ದಂಡೆಗೆ ಸುರೀಬೇಡಿ, ಅದು ಕೊಳೆತು ನೀರಿಗೆ ಇಳಿಯುತ್ತೆ, ಸಗಣಿ ಬಗ್ಗಡದ ಜೊತೆ ಗುಂಡಿಗೆ ಹಾಕಿದ್ರೆ ಒಳ್ಳೆ ಗೊಬ್ಬರ. ದಂಡೆ ಕುಸೀತಿದ್ರೆ ಜೆಸಿಬಿ ಕರೆಸೋ ಮೊದ್ಲು ಹೊಳೆಮತ್ತಿ, ಹೊಳೆದಾಸವಾಳ, ಹೊಂಗೆ, ನೇರಳೆ, ವಾಟೆ ಇವನ್ನ ನೆಟ್ಟು ನೋಡಿ, ನಮ್ಮ ಹೊಳೆಬದಿಲೇ ಬೆಳೆದು ಬಂದ ಗಿಡಗಳು ಇವು, ಜೂನ್ ಜುಲೈಲಿ ನೆಟ್ರೆ ನೀರು ಹಾಕೋ ಕೆಲಸಾನೂ ಇಲ್ಲ. ಆದ್ರೆ ಮೊದಲ ಎರಡು ಬೇಸಿಗೆ ದನ ಮೇಯದಂಗೆ ನೋಡ್ಕೊಳ್ಳಿ.

ಹಬ್ಬ ಜಾತ್ರೆ ಬಗ್ಗೆ ಜಾಸ್ತಿ ಹೇಳಲ್ಲ. ಬಣ್ಣ ಇಲ್ಲದ ಮಣ್ಣಿನ ಗಣಪತಿ ತಂದು ಮನೆ ಬಕೆಟಲ್ಲೇ ಬಿಡಿ. ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆ, ಕೂಡ್ಲಿ ಸಂಗಮ ಇಂಥ ಕಡೆ ಸ್ನಾನ ಮಾಡಿ ಬಟ್ಟೆ ನೀರಲ್ಲಿ ಬಿಡೋರಿಗೆ ಬೈಬೇಡಿ, ದೇವಸ್ಥಾನದವ್ರ ಹತ್ರ ಮಾತಾಡಿ ಮೆಟ್ಟಿಲ ಹತ್ರ ಒಂದು ದೊಡ್ಡ ಬುಟ್ಟಿ ಇಡ್ಸಿ, ಪುರೋಹಿತರ ಬಾಯಲ್ಲಿ ಒಂದು ಮಾತು ಹೇಳ್ಸಿ. ನಾವು ಹತ್ತು ಸಲ ಹೇಳೋದಕ್ಕಿಂತ ಅವ್ರು ಒಂದ್ಸಲ ಹೇಳಿದ್ದು ಜನ ಕೇಳ್ತಾರೆ.

ಜೋಪಾನ ಕೂಡ ಮುಖ್ಯ. ಮೋರಿಗೆ ಇಳಿಯೋವಾಗ ಗಮ್‌ಬೂಟು, ಗ್ಲೌಸು ಇರ್ಲೇಬೇಕು, ಇಲಿಜ್ವರ ಸುಮ್ನೆ ಅಲ್ಲ, ಕೈಕಾಲಲ್ಲಿ ಗಾಯ ಇದ್ರೆ ಇಳೀಲೇಬೇಡಿ. ತೀರ್ಥಹಳ್ಳಿ ಕಡೆ ಕಾಡಂಚಿನ ದಡದಲ್ಲಿ ಡಿಸೆಂಬರಿಂದ ಮೇವರೆಗೆ ಓಡಾಡೋರು ಉಣುಗು ಹತ್ತದಂಗೆ ತುಂಬು ತೋಳಿನ ಬಟ್ಟೆ ಹಾಕ್ಕೊಳ್ಳಿ, ಮಂಗನ ಕಾಯಿಲೆ ಕಾಲ ಅದು, ಬಂದು ಬಿಸಿನೀರಲ್ಲಿ ಸೋಪ್ ಹಾಕಿ ಸ್ನಾನ ಮಾಡಿ. ಗಾಜನೂರು ಡ್ಯಾಮ್ ಗೇಟ್ ಎತ್ತಿರೋ ದಿನಗಳಲ್ಲಿ ಶಿವಮೊಗ್ಗದಲ್ಲಿ ನೀರಿನ ಹತ್ರ ಯಾರೂ ಹೋಗ್ಬೇಡಿ.

2024ರ ನವೆಂಬರಲ್ಲಿ ಶೃಂಗೇರಿಯಿಂದ ನಿರ್ಮಲ ತುಂಗಭದ್ರಾ ಪಾದಯಾತ್ರೆ ಹೊರಟಿತಲ್ಲ, ಅದರಿಂದ ಹೊಳೆ ಉದ್ದಕ್ಕೂ ಊರೂರಲ್ಲಿ ಜನ ಒಬ್ರಿಗೊಬ್ರು ಪರಿಚಯ ಆಗಿದ್ದಾರೆ. ನಿಮ್ಮ ಮೋರಿ ಫೈಲು ಒಂದು ವರ್ಷದ್ದು ಆದ್ಮೇಲೆ ಅದರ ಒಂದು ಜೆರಾಕ್ಸ್ ಹೊನ್ನಾಳಿ, ಹರಿಹರದ ಕಡೆ ಇಂಥ ಕೆಲಸ ಮಾಡೋರಿಗೂ ಕಳ್ಸಿ. ನಾವು ಬಿಟ್ಟ ನೀರನ್ನ ಕುಡಿಯೋರು ಅವ್ರು, ಅವರ ಸಹಿನೂ ಸೇರಿದ ಅರ್ಜಿನ ಜಿಲ್ಲಾಧಿಕಾರಿ ಆಫೀಸಲ್ಲಿ ಸುಮ್ನೆ ಪಕ್ಕಕ್ಕೆ ಇಡೋದು ಕಷ್ಟ.