ಟ್ರಿನಿಡಾಡ್‌ಗೆ ಬಂದಿಳಿದ ಕನ್ನಡ ಕುಟುಂಬಗಳಿಗೆ: ಮೊದಲ ಮೂರು ತಿಂಗಳ ಕೈಪಿಡಿ

ಪಿಯಾರ್ಕೊ ವಿಮಾನ ನಿಲ್ದಾಣದಿಂದ ಹೊರಬಂದರೆ ಹೊಸಬರಿಗೆ ಅರ್ಧ ಧೈರ್ಯ ಬಂದುಬಿಡುತ್ತದೆ. ವಾಹನಗಳು ನಮ್ಮಲ್ಲಿಯಂತೆಯೇ ಎಡಗಡೆ ಓಡುತ್ತವೆ. ಸೆಕೆ ಥೇಟ್ ಮಂಗಳೂರಿನದು. ಮನೆಯಂಗಳದಲ್ಲಿ ಬಿದಿರಿಗೆ ಕಟ್ಟಿದ ಬಣ್ಣದ ಝಂಡಿ, ಅಂಗಡಿ ಬೋರ್ಡಿನ ಮೇಲೆ ರೋಟಿ, ದಾಲ್, ಗೀರಾ (ಜೀರಿಗೆ). ಎಲ್ಲ ಗೊತ್ತಿದ್ದದ್ದೇ ಅನ್ನಿಸುತ್ತದೆ, ಎಡವಟ್ಟು ಶುರುವಾಗುವುದೂ ಅಲ್ಲಿಂದಲೇ. ಇಲ್ಲಿನ ದಾಲ್ ನಮ್ಮ ತೊಗರಿಬೇಳೆಯಲ್ಲ, ‘ಸಾಫ್ರನ್’ ಕೇಸರಿಯಲ್ಲ, ‘ಡ್ರೈ ಕೋಕೊನಟ್’ ಕೊಬ್ಬರಿಯಲ್ಲ, ‘ಜಸ್ಟ್ ನೌ’ ಅಂದರೆ ಈಗಲೇ ಅಲ್ಲ. 1845ರ ಮೇ 30ರಂದು ಫಟೆಲ್ ರಜಾಕ್ ಹಡಗಿನಲ್ಲಿ ಬಂದವರಿಂದ ಹಿಡಿದು 1917ರವರೆಗೆ ಕಬ್ಬಿನ ತೋಟಗಳಿಗೆ ಬಂದ ಕೂಲಿಕಾರರಲ್ಲಿ ಹೆಚ್ಚಿನವರು ಭೋಜ್‌ಪುರಿ ಸೀಮೆಯವರು, ಸ್ವಲ್ಪ ಜನ ಮದ್ರಾಸಿನ ಕಡೆಯವರು. ಅವರ ಮಾತು ಇಲ್ಲಿ ಉಳಿಯಿತು, ಅರ್ಥ ಮಾತ್ರ ಅಲ್ಲಲ್ಲಿ ಪಕ್ಕಕ್ಕೆ ಜರುಗಿತು.

ಹೊರಡುವ ಮೊದಲು

ಭಾರತದಿಂದ ಇಲ್ಲಿಗೆ ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಬರುವುದಾದರೆ ವಿಮಾನ ಬದಲಿಸಲಿಕ್ಕೂ ವೀಸಾ ಬೇಕು. ಬ್ರಿಟನ್, ಕೆನಡಾ ಮೂಲಕವಾದರೆ ಅವರವರ ಟ್ರಾನ್ಸಿಟ್ ನಿಯಮ ನೋಡದೆ ಟಿಕೆಟ್ ಕೊಳ್ಳಬೇಡಿ. ಅಗ್ಗದ ಟಿಕೆಟ್ ಕೊಂಡು ಬೆಂಗಳೂರಿನ ಕೌಂಟರಿನಲ್ಲೇ ತಡೆಯಲ್ಪಡುವುದು ಹೆಚ್ಚಾಗಿ ಈ ಕಾರಣಕ್ಕೇ.

ಇದಕ್ಕಿಂತ ಮುಖ್ಯವಾದದ್ದು ಹಳದಿ ಜ್ವರದ ಲಸಿಕೆ. ಬರುವಾಗ ಯಾರೂ ಕೇಳದೆ ಹೋಗಬಹುದು, ಕೇಳುವುದು ಊರಿಗೆ ಹಿಂದಿರುಗುವಾಗ. ಭಾರತ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಕಾರ್ಡ್ ಇಲ್ಲದವರನ್ನು 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿ 10 ದಿನ ಆದ ಮೇಲೆಯೇ ಕಾರ್ಡಿಗೆ ಮಾನ್ಯತೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಊರಿನಲ್ಲಿ ಯಾರಿಗೋ ಹುಷಾರಿಲ್ಲವೆಂದು ರಾತ್ರೋರಾತ್ರಿ ಹೊರಡಬೇಕಾದಾಗ ಈ 10 ದಿನವೇ ಅಡ್ಡ ಬರುತ್ತದೆ. ಭಾರತದಲ್ಲಿ ಇದನ್ನು ನಿಗದಿತ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹಾಗಾಗಿ ಮೊದಲೇ ಸಮಯ ಗೊತ್ತುಮಾಡಿಕೊಳ್ಳಿ. ಗರ್ಭಿಣಿಯರು, ಎಳೆ ಮಕ್ಕಳು, 60 ದಾಟಿದವರು, ಮೊಟ್ಟೆ ಒಗ್ಗದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಮದುವೆ ಪತ್ರ, ಮಕ್ಕಳ ಜನನ ಪತ್ರ, ಪದವಿ ಪತ್ರಗಳಿಗೆ ವಿದೇಶಾಂಗ ಇಲಾಖೆಯ ಅಪೋಸ್ಟಿಲ್ (ಹೊರದೇಶದಲ್ಲಿ ಒಪ್ಪುವ ದೃಢೀಕರಣ ಮುದ್ರೆ) ಮಾಡಿಸಿಕೊಂಡು ಬನ್ನಿ. ಇಲ್ಲಿ ಕೂತು ಮಾಡಿಸುವುದು ತಿಂಗಳುಗಟ್ಟಲೆಯ ಕೆಲಸ. ಮಕ್ಕಳ ಲಸಿಕೆ ಪುಸ್ತಕದ ಮೂಲಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದು ಬಂದರೆ ಮೊದಲ ಮೂರು ತಿಂಗಳು ಗಾಡಿ ಓಡಿಸಲು ಆಗುತ್ತದೆ. ಅಷ್ಟರೊಳಗೆ ಇಲ್ಲಿನ ಲೈಸೆನ್ಸಿಗೆ ಅರ್ಜಿ ಹಾಕಿಬಿಡಿ.

ಇನ್ನೊಂದು ಮಾತು: ಸೈನಿಕರ ಮಾದರಿಯ ಹಸಿರು ಚುಕ್ಕೆಯ ಬಟ್ಟೆ ನಾಗರಿಕರಿಗೆ ಇಲ್ಲಿ ಕಾನೂನುಬಾಹಿರ. ಮಕ್ಕಳ ಚಡ್ಡಿ, ಟೋಪಿ, ಶಾಲಾ ಚೀಲ ಯಾವುದಕ್ಕೂ ವಿನಾಯಿತಿಯಿಲ್ಲ. ಪೆಟ್ಟಿಗೆ ಕಟ್ಟುವಾಗಲೇ ತೆಗೆದಿಡಿ.

ಮಿಕ್ಸಿ ತರಬೇಕೇ?

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಇಲ್ಲಿನ ಸಾಮಾನ್ಯ ಸಾಕೆಟ್ 115 ವೋಲ್ಟ್, 60 ಹರ್ಟ್ಸ್, ಅಮೆರಿಕದಂತೆ ಎರಡು ಚಪ್ಪಟೆ ಪಿನ್ನಿನದು. ನಮ್ಮ 230 ವೋಲ್ಟಿನ ಮಿಕ್ಸಿಯನ್ನು ಅಡಾಪ್ಟರ್ ಮಾತ್ರ ಹಾಕಿ ಚುಚ್ಚಿದರೆ ಅದು ನರಳುತ್ತ ತಿರುಗುತ್ತದೆ, ಕಾಯಿ ನುಣ್ಣಗಾಗುವುದಿಲ್ಲ. ಅಷ್ಟಾದರೂ ಆಯಿತಲ್ಲ ಎಂದು ಒತ್ತಾಯಿಸಿ ಓಡಿಸಿದರೆ ಮೋಟರ್ ಬಿಸಿಯಾಗಿ ಸುಡುತ್ತದೆ.

ದಾರಿ ಎರಡಿವೆ. ಒಂದು, ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್. 750 ವ್ಯಾಟಿನ ಮಿಕ್ಸಿಗೆ 1500 ವ್ಯಾಟಿಗೆ ಕಡಿಮೆಯದು ಬೇಡ, ಏಕೆಂದರೆ ಶುರುವಾಗುವ ಕ್ಷಣದಲ್ಲಿ ಮೋಟರ್ ಎಳೆಯುವ ಕರೆಂಟು ಹೆಚ್ಚು. ಇನ್ನೊಂದು ದಾರಿ ನಮಗೆ ಹೆಚ್ಚು ಇಷ್ಟ: ಏಸಿಗಾಗಿ ಬಹುತೇಕ ಮನೆಗಳಲ್ಲಿ 230 ವೋಲ್ಟ್ ಬಂದೇ ಇರುತ್ತದೆ. ಮನೆ ಮಾಲೀಕರ ಒಪ್ಪಿಗೆ ಪಡೆದು, ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಅಡುಗೆಮನೆಗೆ ಅಂಥದೊಂದು ಸಾಕೆಟ್ ಹಾಕಿಸಿ. ಆದರೆ ಇಲ್ಲಿನ 230 ವೋಲ್ಟ್‌ನಲ್ಲಿ ಎರಡು ತಂತಿಯೂ ಜೀವಂತ, ನ್ಯೂಟ್ರಲ್ ಇಲ್ಲ. ನಮ್ಮ ಮಿಕ್ಸಿಯ ಸ್ವಿಚ್ ಒಂದೇ ತಂತಿಯನ್ನು ಕಡಿಯುತ್ತದೆ. ಆದ್ದರಿಂದ ಕೆಲಸ ಮುಗಿದ ಮೇಲೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಒರೆಸುವುದು, ತೊಳೆಯುವುದು ಆಮೇಲೆ.

ಮಿಕ್ಸಿಯ ಮೋಟರಿಗೆ ಹರ್ಟ್ಸ್ ಲೆಕ್ಕಕ್ಕಿಲ್ಲ, ವೆಟ್ ಗ್ರೈಂಡರಿಗೆ ಇದೆ. 50 ಹರ್ಟ್ಸಿನ ಗ್ರೈಂಡರ್ 60ರಲ್ಲಿ ಸುಮಾರು ಐದನೇ ಒಂದು ಭಾಗ ಜೋರಾಗಿ ತಿರುಗುತ್ತದೆ, ಹಿಟ್ಟು ಬಿಸಿಯಾಗುತ್ತದೆ, ಉದ್ದು ಉಬ್ಬುವುದಿಲ್ಲ. ತಂದಾಗಿದ್ದರೆ ಐಸ್ ನೀರು ಹಾಕಿ ರುಬ್ಬಿ. ಇನ್ನೂ ಕೊಳ್ಳಬೇಕಿದ್ದರೆ 110 ವೋಲ್ಟ್, 60 ಹರ್ಟ್ಸಿನದ್ದನ್ನೇ ಕೊಳ್ಳಿ. ಫೋನ್, ಲ್ಯಾಪ್‌ಟಾಪ್ ಚಾರ್ಜರುಗಳಿಗೆ ಪಿನ್ನಿನ ಅಡಾಪ್ಟರ್ ಸಾಕು. ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ ಊರಲ್ಲೇ ಬಿಡಿ. ಕುಕ್ಕರ್ ತನ್ನಿ, ಜೊತೆಗೆ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್. ಈಳಿಗೆ ಮಣೆ, ತುರಿಮಣೆ ಚೆಕ್-ಇನ್ ಪೆಟ್ಟಿಗೆಗೆ ಹೋಗಲಿ.

ಅಡುಗೆ ಅನಿಲದ ಮನೆಬಳಕೆಯ ಸಿಲಿಂಡರ್ 20 ಪೌಂಡಿನದು, ಅಂದರೆ ಸುಮಾರು 9 ಕೆಜಿ. ನಮ್ಮ 14.2 ಕೆಜಿಯ ಲೆಕ್ಕದಲ್ಲಿ ಕೂತರೆ ಒಗ್ಗರಣೆ ಹಾಕುವ ಹೊತ್ತಿಗೆ ಒಲೆ ಆರುತ್ತದೆ. ಎರಡು ಸಿಲಿಂಡರ್ ಇರಲಿ.

ಮನೆ ನೋಡುವಾಗ

ಹೊಸಬರು ಕಿಟಕಿ, ಕೋಣೆ ನೋಡುತ್ತಾರೆ. ನೀವು ಮೊದಲು ಹಿತ್ತಲಿಗೆ ಹೋಗಿ ನೀರಿನ ಟ್ಯಾಂಕ್ ನೋಡಿ. ಹಲವು ಬಡಾವಣೆಗಳಿಗೆ ಕೊಳವೆ ನೀರು ಸರದಿ ಪ್ರಕಾರ ಬರುತ್ತದೆ. ಜನವರಿಯಿಂದ ಮೇವರೆಗಿನ ಬೇಸಿಗೆಯಲ್ಲಿ ಸರದಿ ಇನ್ನೂ ಬಿಗಿ. 400 ಗ್ಯಾಲನ್ನಿನ ಕಪ್ಪು ಟ್ಯಾಂಕ್ ಎಂದರೆ 1500 ಲೀಟರಿಗಿಂತ ತುಸು ಹೆಚ್ಚು. ತಲೆಗೆ ದಿನಕ್ಕೆ 100 ಲೀಟರ್ ಹಿಡಿದರೂ ನಾಲ್ವರ ಮನೆಗೆ ನಾಲ್ಕು ದಿನ ಅಷ್ಟೆ. ‘ನಿಮ್ಮ ಬೀದಿಗೆ ವಾರದಲ್ಲಿ ಎಷ್ಟು ದಿನ ನೀರು?’ ಎಂದು ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ.

ಟ್ಯಾಂಕ್ ಎತ್ತರದ ಕಟ್ಟೆಯ ಮೇಲಿದ್ದರೆ ಕರೆಂಟು ಹೋದಾಗಲೂ ನಲ್ಲಿಯಲ್ಲಿ ನೀರಿರುತ್ತದೆ. ನೆಲದ ಮೇಲಿದ್ದರೆ ಪಂಪೇ ಗತಿ, ಆ ಪಂಪು ಖಾಲಿ ಟ್ಯಾಂಕಿನಲ್ಲಿ ಓಡಿ ಸುಟ್ಟುಹೋಗುವುದು ಇಲ್ಲಿನ ಸಾಮಾನ್ಯ ಕಥೆ. ನೀರು ತೀರಿದರೆ ತಾನಾಗಿ ನಿಲ್ಲುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಹಲವು ದಿನದ ಮೇಲೆ ಬರುವ ಮೊದಲ ನೀರು ಕೆಸರುಕೆಸರಾಗಿದ್ದರೆ ಸ್ವಲ್ಪ ಹೊತ್ತು ಹೊರಗೆ ಹರಿಯಲು ಬಿಟ್ಟು, ಆಮೇಲೆ ಟ್ಯಾಂಕಿಗೆ ತಿರುಗಿಸಿ. ಮುಚ್ಚಳ ಭದ್ರವಾಗಿರಲಿ. ಡೆಂಗಿ ಸೊಳ್ಳೆ ಹುಟ್ಟುವುದು ಇಂಥ ತಿಳಿನೀರಿನಲ್ಲೇ.

ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಡಿಸೆಂಬರ್‌ವರೆಗೆ, ಕರೋನಿ ನದಿಯ ಬಯಲಿನ ತಗ್ಗು ಜಾಗಗಳಿಗೆ ನೆರೆ ನುಗ್ಗುತ್ತದೆ. ಕಾಂಪೌಂಡ್ ಗೋಡೆಯ ಮೇಲೆ ಹಳೆ ನೀರಿನ ಗೆರೆ ಕಂಡರೆ ಆ ಮನೆ ಬೇಡ. ಚಂಡಮಾರುತದ ಮುಖ್ಯ ಹಾದಿ ಹೆಚ್ಚಾಗಿ ಉತ್ತರಕ್ಕೇ ಸರಿದುಹೋಗುತ್ತದೆ. ಭೂಕಂಪ ಮಾತ್ರ ಉಂಟು, 2018ರ ಆಗಸ್ಟ್ 21ರದ್ದು 7ರ ಆಸುಪಾಸಿನ ತೀವ್ರತೆಯದು. ಗಾಜಿನ ಕಪಾಟು, ದೇವರ ಮಂಟಪ ಗೋಡೆಗೆ ಬಿಗಿದಿರಲಿ.

ವಿಶ್ವವಿದ್ಯಾಲಯ ಅಥವಾ ಮೌಂಟ್ ಹೋಪ್ ಆಸ್ಪತ್ರೆಯ ಕೆಲಸವಾದರೆ ಸೇಂಟ್ ಆಗಸ್ಟಿನ್ ಸುತ್ತಮುತ್ತ, ಪಾಯಿಂಟ್ ಲಿಸಾಸಿನ ಕಾರ್ಖಾನೆಗಳಾದರೆ ಚಗ್ವಾನಸ್ ಅಥವಾ ಸ್ಯಾನ್ ಫರ್ನಾಂಡೊ ಕಡೆ ನೋಡಿ. ದ್ವೀಪ ಚಿಕ್ಕದೆಂದು ದೂರದಲ್ಲಿ ಮನೆ ಹಿಡಿದವರು ಬೆಳಗಿನ ಐದೂವರೆಗೇ ಹೆದ್ದಾರಿ ಸೇರಬೇಕಾಗುತ್ತದೆ. ಕಿಟಕಿ, ಬಾಗಿಲುಗಳಿಗೆ ಕಬ್ಬಿಣದ ಸರಳು ಇರಲೇಬೇಕು. ಕಳ್ಳತನ, ಸುಲಿಗೆ ಇಲ್ಲಿ ನಿಜವಾದ ಸಮಸ್ಯೆ. ಬಂಗಾರ ಕಾಣುವಂತೆ ಹಾಕಿಕೊಂಡು ಓಡಾಡಬೇಡಿ, ತಾಳಿಸರವಾದರೂ ಸೆರಗಿನೊಳಗಿರಲಿ.

ಸಂತೆಯ ನಿಘಂಟು

ತರಕಾರಿ ಶನಿವಾರ ಬೆಳಿಗ್ಗೆ ಸಂತೆಯಲ್ಲೇ ಕೊಳ್ಳಿ. ತೂಕ ಪೌಂಡಿನಲ್ಲಿ, ಸುಮಾರು 450 ಗ್ರಾಂ. ಸೊಪ್ಪು ಕಟ್ಟಿನ ಲೆಕ್ಕ. ಬೋಡಿ ಎಂದರೆ ಉದ್ದನೆಯ ಅಲಸಂದೆ, ಕರೈಲಿ ಹಾಗಲ, ಜಿಂಗಿ ಹೀರೆ, ಓಕ್ರೋ ಬೆಂಡೆ, ಕ್ರಿಸ್ಟೋಫೀನ್ ಸೀಮೆಬದನೆ. ಗ್ರೀನ್ ಫಿಗ್ ಎಂದರೆ ಅಂಜೂರವಲ್ಲ, ಬಾಳೆಕಾಯಿ. ಸೀಮ್ ನಮ್ಮ ಅವರೆಯೇ. ಬ್ರೆಡ್‌ಫ್ರೂಟ್ ದೀವಿಹಲಸು, ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ಪಾಮ್‌ಸಿತೇರ್ ಅಮಟೆಕಾಯಿಯ ಹತ್ತಿರದ ನೆಂಟ, ಗೊಜ್ಜಿಗೆ ಚೆನ್ನಾಗಿ ಒಗ್ಗುತ್ತದೆ. ಕರಿಬೇವಿಗೆ ಕರಪುಲೆ ಎನ್ನುತ್ತಾರೆ, ಮದ್ರಾಸಿನಿಂದ ಬಂದವರು ಬಿಟ್ಟುಹೋದ ತಮಿಳು ಮಾತು. ಸಾಫ್ರನ್ ಎಂದು ಕೊಡುವುದು ಅರಿಶಿನ. ಡ್ರೈ ಕೋಕೊನಟ್ ಎಂದರೆ ಬಲಿತ ತೆಂಗಿನಕಾಯಿ, ಚಟ್ನಿಗೆ ಅದನ್ನೇ ಕೇಳಿ.

ಡಶೀನ್ ಬುಷ್ ಎಂದರೆ ಕೆಸುವಿನ ಎಲೆ. ಸುಮ್ಮನೆ ಕೇಳಿದರೆ ಕಲಾಲೂ (ಇಲ್ಲಿನ ಸೊಪ್ಪಿನ ಗಟ್ಟಿ ಸಾರು) ಮಾಡುವ ಸುರುಳಿ ಚಿಗುರು ಕೊಡುತ್ತಾರೆ. ಪತ್ರೊಡೆಗೆ ಬೇಕಾದದ್ದು ಬಿಚ್ಚಿಕೊಂಡ ಎಲೆ, ಪತ್ರೊಡೆಯಂಥದೇ ಇಲ್ಲಿನ ತಿಂಡಿಯ ಹೆಸರು ಹಿಡಿದು ‘ಸಹೀನಾಗೆ ಬೇಕು’ ಅಂದರೆ ಸರಿಯಾದದ್ದು ಸಿಗುತ್ತದೆ. ತುರಿಕೆಯ ಗುಣ ಊರಿನದ್ದೇ, ಹುಣಸೆಹುಳಿಯಲ್ಲಿ ಜಿಪುಣತನ ಬೇಡ.

ಶಾಡೋ ಬೇನಿ ನೋಡಲು ಕತ್ತಿಯಂಥ ಉದ್ದ ಎಲೆ, ವಾಸನೆ ಕೊತ್ತಂಬರಿಯದ್ದು. ಆದರೆ ಎರಡರಷ್ಟು ಗಾಢ, ಹಾಗಾಗಿ ಅರ್ಧ ಅಳತೆ ಹಾಕಿ. ಮೆಣಸಿನಕಾಯಿಯ ವಿಷಯದಲ್ಲಿ ಪಂದ್ಯ ಕಟ್ಟಬೇಡಿ. ಕಾಂಗೋ ಪೆಪರ್ ಒಂದನ್ನು ಸೀಳದೆ ಇಡಿಯಾಗಿ ಸಾರಿಗೆ ಹಾಕಿ, ಕುದಿದ ಮೇಲೆ ತೆಗೆದರೆ ನಾಲ್ವರಿಗೆ ಸಾಕು. ಮೊರುಗಾ ಸ್ಕಾರ್ಪಿಯನ್ ಎಂಬುದು ಈ ದ್ವೀಪದ್ದೇ ತಳಿ, ಅದನ್ನು ದೂರದಿಂದ ನೋಡಿ. ಬಣ್ಣಕ್ಕೆ ಬ್ಯಾಡಗಿ ಊರಿನಿಂದ ಬರಬೇಕು.

ಇಲ್ಲಿ ಬರಿಯ ‘ದಾಲ್’ ಎಂದರೆ ಹಳದಿ ಬಟಾಣಿ ಬೇಳೆ. ಅದರಲ್ಲಿ ಮಾಡಿದ ಹುಳಿ ಆರುತ್ತಲೇ ಗಂಜಿಯಂತೆ ಗಟ್ಟಿಯಾಗುತ್ತದೆ. ತೊಗರಿಬೇಳೆಯನ್ನು ಭಾರತದ ಸಾಮಾನು ಮಾರುವ ಅಂಗಡಿಗಳಲ್ಲಿ ಹುಡುಕಿ. ಬೇಸಿಗೆಯ ಸಂತೆಯಲ್ಲಿ ಸಿಗುವ ಹಸಿ ‘ಪಿಜನ್ ಪೀಸ್’ ನಮ್ಮ ಹಸಿ ತೊಗರಿಕಾಳೇ ಎಂದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಉಪ್ಪಿಟ್ಟಿಗೆ, ಕಾಳುಸಾರಿಗೆ ಅದಕ್ಕಿಂತ ಬೇಕೇ?

ಇಡ್ಲಿಗೆ ಎಲ್ಲ ಅಂಗಡಿಯಲ್ಲೂ ಸಿಗುವ ಪಾರ್‌ಬಾಯಿಲ್ಡ್ ಅಕ್ಕಿ ಆಗುತ್ತದೆ. ಗ್ರೈಂಡರಿನಲ್ಲಿ 4 ಲೋಟಕ್ಕೆ 1 ಲೋಟ ಉದ್ದು, ಮಿಕ್ಸಿಯಾದರೆ 3ಕ್ಕೆ 1, ಒಂದು ಚಮಚ ಮೆಂತ್ಯ. ಅಕ್ಕಿ ಉದ್ದಕಾಳಿನದಾದ್ದರಿಂದ ಇಡ್ಲಿ ತುಸು ಬಿಗಿ, ಒಂದು ಹಿಡಿ ಅವಲಕ್ಕಿ ಸೇರಿಸಿದರೆ ಸರಿಹೋಗುತ್ತದೆ. ಸೆಕೆಗೆ ಹಿಟ್ಟು ಎಂಟು ಗಂಟೆಯಲ್ಲಿ ಉಕ್ಕುತ್ತದೆ. ಪಾತ್ರೆಯನ್ನು ಅರ್ಧ ಮಾತ್ರ ತುಂಬಿಸಿ, ಬೆಳಿಗ್ಗೆ ಏಳುತ್ತಲೇ ಫ್ರಿಜ್ಜಿಗೆ. ರಾಗಿ ಹಿಟ್ಟನ್ನು ಕಾರ್ಖಾನೆ ಮೊಹರಿನ ಪೊಟ್ಟಣದಲ್ಲಿ ತಂದು, ಕಸ್ಟಮ್ಸ್‌ನಲ್ಲಿ ಹೇಳಿ, ಮನೆಯಲ್ಲಿ ಫ್ರೀಜರಿನಲ್ಲಿಡಿ. ಹೊರಗಿಟ್ಟರೆ ತಿಂಗಳಲ್ಲಿ ಹುಳ. ಬೀಜ, ಗಿಡ, ಹಸಿ ಕರಿಬೇವು ತರಬೇಡಿ.

ಸಸ್ಯಾಹಾರಿಗಳಿಗೆ ಬೀದಿಯ ‘ಡಬಲ್ಸ್’ ನಿಶ್ಚಿಂತೆಯ ತಿಂಡಿ: ಎರಡು ಬಾರಾ (ಕರಿದ ಮೆತ್ತನೆ ರೊಟ್ಟಿ), ನಡುವೆ ಕಡಲೆ. ‘ಸ್ಲೈಟ್ ಪೆಪರ್’ ಎಂದು ಹೇಳಲು ಮರೆಯಬೇಡಿ. ಕಲಾಲೂ ಹಸಿರಾಗಿ ಕಂಡರೂ ಅದರೊಳಗೆ ಏಡಿ ಅಥವಾ ಹಂದಿಬಾಲ ಇರಬಹುದು, ಕೇಳಿಯೇ ತಿನ್ನಿ.

ದುಡ್ಡು

ಅಮೆರಿಕದ 1 ಡಾಲರಿಗೆ ಇಲ್ಲಿನ ಸುಮಾರು 6.8 ಡಾಲರ್. ದರ ಸ್ಥಿರವಾಗಿದೆ, ಆದರೆ ಬ್ಯಾಂಕಿನಲ್ಲಿ ಅಮೆರಿಕನ್ ಡಾಲರ್ ಕೇಳಿದಷ್ಟು ಸಿಗುವುದಿಲ್ಲ. ಕೊರತೆ ವರ್ಷಗಳಿಂದ ಇದೆ. ಬೆಂಗಳೂರಿನ ಮನೆ ಸಾಲದ ಕಂತನ್ನು ಇಲ್ಲಿನ ಸಂಬಳದಿಂದ ತಿಂಗಳು ತಿಂಗಳು ಕಟ್ಟುತ್ತೇನೆಂದು ಲೆಕ್ಕ ಹಾಕಿದವರು ಎಡವುವುದು ಇಲ್ಲೇ. ಆರು ತಿಂಗಳ ಕಂತನ್ನು ಊರಿನ ಖಾತೆಯಲ್ಲಿಟ್ಟು ಬನ್ನಿ. ಕೆಲಸ ಒಪ್ಪುವ ಮೊದಲು ಸಂಬಳದ ಒಂದು ಭಾಗ ಅಮೆರಿಕನ್ ಡಾಲರಿನಲ್ಲಿ ಕೊಡುತ್ತಾರೆಯೇ ಎಂದು ಕೇಳಿ, ಬಂದ ಮೇಲೆ ಕೇಳಿದರೆ ಸಿಗುವುದಿಲ್ಲ. ಆದಾಯ ತೆರಿಗೆ ವರ್ಷಕ್ಕೆ 10 ಲಕ್ಷ ಸ್ಥಳೀಯ ಡಾಲರ್‌ವರೆಗೆ ಶೇ. 25, ಅದರ ಮೇಲೆ ಶೇ. 30.

ಖಾತೆ ತೆರೆಯಲು ಪಾಸ್‌ಪೋರ್ಟ್, ವರ್ಕ್ ಪರ್ಮಿಟ್, ಕೆಲಸದ ಪತ್ರದ ಜೊತೆ ವಿಳಾಸದ ಪುರಾವೆ ಬೇಕು. ಬಿಲ್ಲುಗಳು ಮಾಲೀಕರ ಹೆಸರಿನಲ್ಲಿರುತ್ತವಲ್ಲ, ಹಾಗಾಗಿ ಬಾಡಿಗೆ ಕರಾರಿನ ದಿನವೇ ಅವರಿಂದ ಒಂದು ಪತ್ರ, ಬಿಲ್ಲಿನ ಪ್ರತಿ, ಗುರುತಿನ ಚೀಟಿಯ ಪ್ರತಿ ಮೂರನ್ನೂ ಪಡೆಯಿರಿ.

ಓಡಾಟ, ಮಾತು

ಮ್ಯಾಕ್ಸಿ ಟ್ಯಾಕ್ಸಿ ಎಂಬ ಮಿನಿಬಸ್ಸಿನ ಪಟ್ಟಿಯ ಬಣ್ಣವೇ ಬೋರ್ಡು: ಪೋರ್ಟ್ ಆಫ್ ಸ್ಪೇನ್ ಮತ್ತು ಪಶ್ಚಿಮಕ್ಕೆ ಹಳದಿ, ಪೂರ್ವಕ್ಕೆ ಕೆಂಪು, ಚಗ್ವಾನಸ್ ಮತ್ತು ದಕ್ಷಿಣಕ್ಕೆ ಹಸಿರು. ಟ್ಯಾಕ್ಸಿ ಕಾರಿನ ನಂಬರು ‘ಎಚ್’ನಿಂದ ಶುರು. ‘ಪಿ’ ಇದ್ದೂ ಜನರನ್ನು ಹತ್ತಿಸಿಕೊಳ್ಳುವ ಕಾರುಗಳು ಪರವಾನಗಿ ಇಲ್ಲದವು, ಹತ್ತಬೇಡಿ.

ಟ್ಯಾಕ್ಸಿಯಾಗಲಿ, ಕಚೇರಿಯಾಗಲಿ, ಒಳಗೆ ಕಾಲಿಟ್ಟ ಕೂಡಲೇ ‘ಗುಡ್ ಮಾರ್ನಿಂಗ್’ ಹೇಳಬೇಕು. ಹೇಳದೆ ನೇರ ಕೆಲಸದ ಮಾತಿಗಿಳಿದರೆ ಒರಟರು ಎಂದುಕೊಳ್ಳುತ್ತಾರೆ, ಕೆಲಸವೂ ನಿಧಾನವಾಗುತ್ತದೆ. ಕತ್ತಲಾದ ಮೇಲೆ ‘ಗುಡ್ ನೈಟ್’ ಎಂದರೆ ಬೀಳ್ಕೊಡುಗೆಯಲ್ಲ, ನಮಸ್ಕಾರ. ಪ್ಲಂಬರ್ ‘ಜಸ್ಟ್ ನೌ’ ಬರುತ್ತೇನೆ ಅಂದರೆ ಆಮೇಲೆ ಯಾವಾಗಲೋ. ಗಡಿಯಾರದ ಸಮಯ ಕೇಳಿ. ಭಾರತೀಯ ಮೂಲದವರ ಜೊತೆ ಹಿಂದಿ ಶುರುಮಾಡಬೇಡಿ, ಹೆಚ್ಚಿನವರ ಮನೆಮಾತು ಇಂಗ್ಲಿಷ್. ಜಾತಿ ಕೇಳುವುದಂತೂ ಬೇಡವೇ ಬೇಡ. ಅಪ್ಪನ ತಾಯಿಯನ್ನು ಅವರು ‘ಆಜಿ’ ಎಂದು ಕರೆಯುವುದನ್ನು ಕೇಳಿ ನಮ್ಮ ಮಕ್ಕಳು ಖುಷಿಪಡುತ್ತಾರೆ.

ಶಾಲೆ, ಆರೋಗ್ಯ

ಶಾಲಾ ವರ್ಷ ಸೆಪ್ಟೆಂಬರಿನಲ್ಲಿ ಶುರು. ಪ್ರಾಥಮಿಕ ಹಂತ ಸ್ಟ್ಯಾಂಡರ್ಡ್ 5ಕ್ಕೆ ಮುಗಿದು ಪ್ರೌಢಶಾಲೆ ಪ್ರವೇಶದ ಎಸ್‌ಇಎ ಪರೀಕ್ಷೆ. ಊರಿನಿಂದ ನಾಲ್ಕನೇ, ಐದನೇ ತರಗತಿಯ ಮಕ್ಕಳನ್ನು ಕರೆತರುವವರು ಇದನ್ನು ಮೊದಲೇ ಯೋಚಿಸಬೇಕು, ಪೈಪೋಟಿ ಜೋರು. ವಿದೇಶಿ ಮಕ್ಕಳಿಗೆ ವಲಸೆ ಇಲಾಖೆಯಿಂದ ಸ್ಟೂಡೆಂಟ್ ಪರ್ಮಿಟ್ ಬೇಕು. ಉಬ್ಬಸ ಇರುವವರು ಇನ್‌ಹೇಲರ್ ಹೆಚ್ಚಿಗೆ ಇಟ್ಟುಕೊಳ್ಳಿ: ಸಹಾರಾ ಮರುಭೂಮಿಯ ಧೂಳು ಅಟ್ಲಾಂಟಿಕ್ ದಾಟಿ ಇಲ್ಲಿಗೆ ಬರುತ್ತದೆ. ಪೊಲೀಸ್ 999, ಅಗ್ನಿಶಾಮಕ 990, ಆಂಬುಲೆನ್ಸ್ 811.

ಹಬ್ಬ

ದೀಪಾವಳಿ ಸಾರ್ವಜನಿಕ ರಜೆ. ಕಾರ್ನಿವಲ್‌ನ ಸೋಮವಾರ, ಮಂಗಳವಾರ ಕಾಗದದ ಮೇಲೆ ರಜೆಯಲ್ಲ, ಆದರೆ ಎಲ್ಲ ಮುಚ್ಚಿರುತ್ತದೆ. ಹಾಲು, ಗ್ಯಾಸು, ನಗದು ಶನಿವಾರವೇ ತಂದಿಡಿ. ಕಾರಾಪಿಚೈಮಾದಲ್ಲಿ 85 ಅಡಿಯ ಹನುಮಂತನ ವಿಗ್ರಹವಿರುವ ದತ್ತಾತ್ರೇಯ ಮಂದಿರ ಮೈಸೂರಿನ ಅವಧೂತ ದತ್ತಪೀಠದ್ದು, ಗೋಪುರ ನಮ್ಮ ಕಡೆಯ ಶೈಲಿಯದು.

ಊರಿನ ಪಂಚಾಂಗ ನೋಡಿ ಹಬ್ಬ ಮಾಡುವವರು ಒಂಬತ್ತೂವರೆ ಗಂಟೆ ಕಳೆಯಬೇಕು. ಭಾರತದ ಬೆಳಿಗ್ಗೆ 9:30 ಎಂದರೆ ಇಲ್ಲಿ ನಡುರಾತ್ರಿ 12. ಊರಿನಲ್ಲಿ ಬುಧವಾರ ಬೆಳಿಗ್ಗೆ 8ಕ್ಕೆ ಮುಗಿಯುವ ಏಕಾದಶಿ ಇಲ್ಲಿ ಮಂಗಳವಾರ ರಾತ್ರಿ ಹತ್ತೂವರೆಗೇ ಮುಗಿದಿರುತ್ತದೆ. ಮನೆಗೆ ಫೋನ್ ಮಾಡಲು ಇಲ್ಲಿನ ಬೆಳಿಗ್ಗೆ 7ರಿಂದ 11 ಒಳ್ಳೆಯ ಹೊತ್ತು, ಅಲ್ಲಿ ಸಂಜೆ ನಾಲ್ಕೂವರೆಯಿಂದ ರಾತ್ರಿ ಎಂಟೂವರೆ. ಗಡಿಯಾರ ಇಲ್ಲಿ ವರ್ಷವಿಡೀ ಬದಲಾಗುವುದಿಲ್ಲ.