ಟೀವಿಯ ಇಟಾಲಿಯನ್, ಅಡುಗೆಮನೆಯ ಇಟಾಲಿಯನ್

ನಾನು ಇಟಾಲಿಯನ್ ಕಲಿತೇ ಇಂಗ್ಲೆಂಡಿಗೆ ಹೋದವನು. ರೋಮ್‌ನಲ್ಲಿ ದೈವಶಾಸ್ತ್ರ ಓದುವಾಗ ಪಾಠ, ಪರೀಕ್ಷೆ, ಊಟದ ಮೇಜಿನ ಜಗಳ ಎಲ್ಲ ಆ ಭಾಷೆಯಲ್ಲೇ ನಡೆದಿತ್ತು. ಬೆಡ್‌ಫರ್ಡ್‌ನ ಇಟಾಲಿಯನ್ನರಿಗೆ ಒಬ್ಬ ಸಹಾಯಕ ಪಾದ್ರಿ ಬೇಕು ಅಂದಾಗ ಜಾಸ್ತಿ ಯೋಚಿಸದೆ ಹೂಂ ಅಂದೆ. ಮೊದಲ ಭಾನುವಾರದ ಪ್ರಬೋಧನೆಯನ್ನು ಮೂರು ದಿನ ಕೂತು ಬರೆದೆ. ಪೂಜೆ ಮುಗಿದ ಮೇಲೆ ಬಾಗಿಲ ಬಳಿ ನಿಂತಿದ್ದೆ. ಎಂಬತ್ತು ದಾಟಿದ ಅಜ್ಜ ಒಬ್ಬರು ಕೈ ಕುಲುಕಿ, 'ಚೆನ್ನಾಗಿತ್ತು ಪಾದ್ರೆ, ಟೀವಿಯಲ್ಲಿ ವಾರ್ತೆ ಕೇಳಿದ ಹಾಗಿತ್ತು' ಅಂದರು. ಹೊಗಳಿಕೆ ಅಂದುಕೊಂಡು ಖುಷಿಪಟ್ಟೆ. ಅಲ್ಲ ಅಂತ ತಿಳಿಯಲು ಎರಡು ತಿಂಗಳು ಬೇಕಾಯಿತು.

ಈ ಇಟಾಲಿಯನ್ನರು ಬೆಡ್‌ಫರ್ಡ್‌ಗೆ ಬಂದದ್ದು ಇಟ್ಟಿಗೆ ಸುಡಲು. ಯುದ್ಧ ಮುಗಿದು ಇಂಗ್ಲೆಂಡ್ ಮನೆ ಕಟ್ಟುತ್ತಿದ್ದ ಕಾಲ. ಇಟ್ಟಿಗೆ ಕಾರ್ಖಾನೆಗಳಿಗೆ ಆಳು ಸಿಗುತ್ತಿರಲಿಲ್ಲ. 1951ರಿಂದ ದಕ್ಷಿಣ ಇಟಲಿಯ ಗಂಡಸರನ್ನು ನಾಲ್ಕು ವರ್ಷದ ಕರಾರಿನ ಮೇಲೆ ಕರೆಸಿದರು. ಮೊದಲು ಹಾಸ್ಟೆಲ್‌ಗಳಲ್ಲಿ ಇದ್ದರು. ಆಮೇಲೆ ಹೆಂಡತಿ ಮಕ್ಕಳು ಬಂದರು. ಬಂದದ್ದು ಇಟಲಿಯಿಂದ ಅನ್ನುವುದಕ್ಕಿಂತ ಕೆಲವೇ ಹಳ್ಳಿಗಳಿಂದ ಅನ್ನುವುದು ಸರಿ. ಆವೆಲ್ಲೀನೋ ಕಡೆಯ ಮೊಂತೆಫಲ್ಚೋನೆ, ಮೊಲೀಸೆಯ ಬುಸ್ಸೊ, ಸಿಸಿಲಿಯ ಸಾಂತಾಂಜೆಲೊ ಮುಶಾರೊ, ಹೀಗೆ. ಒಬ್ಬ ಬಂದ, ತಮ್ಮನನ್ನು ಕರೆದ, ತಮ್ಮ ಭಾವನನ್ನು ಕರೆದ. ನಮ್ಮ ಕರಾವಳಿಯವರು ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋದದ್ದೂ ಹೀಗೇ ಅಲ್ವಾ?

ಹಾಗಾಗಿ ನಾನೊಂದು ನೋಟ್‌ಬುಕ್ ಇಟ್ಟೆ. ಯಾರ ಮನೆಗೆ ಹೋದರೂ ಹೆಸರಿಗಿಂತ ಮುಂಚೆ ಹಳ್ಳಿ ಬರೆದುಕೊಳ್ಳುತ್ತಿದ್ದೆ. 'ನೀವು ಇಟಲಿಯಲ್ಲಿ ಎಲ್ಲಿಯವರು' ಎಂದು ಕೇಳಿದರೆ ಮಾತು ಅರ್ಧ ನಿಮಿಷಕ್ಕೆ ಮುಗಿಯುತ್ತಿತ್ತು. ಹಳ್ಳಿಯ ಹೆಸರು ಹೇಳಿ 'ಅಲ್ಲಿಯವರಾ?' ಎಂದರೆ ಕಾಫಿ ಬರುತ್ತಿತ್ತು. ಬೇಡ ಅಂದರೂ ಬರುತ್ತಿತ್ತು. ಒಂದು ಮಧ್ಯಾಹ್ನ ನಾಲ್ಕು ಮನೆ ಸುತ್ತಿದರೆ ರಾತ್ರಿ ನಿದ್ದೆ ಇಲ್ಲ. ಕೊನೆಗೆ ದಿನಕ್ಕೆ ಎರಡೇ ಮನೆ ಎಂದು ನಿಯಮ ಮಾಡಿಕೊಂಡೆ. ಅದರಿಂದ ಒಳ್ಳೆಯದೇ ಆಯಿತು, ಹೋದ ಮನೆಯಲ್ಲಿ ತುಂಬ ಹೊತ್ತು ಕೂರಲು ಆಯಿತು.

ಕೂತಾಗ ನನಗೆ ಸಹಾಯಕ್ಕೆ ಬಂದದ್ದು ರೋಮ್‌ನ ಓದಲ್ಲ, ಮಂಗಳೂರಿನ ಹಂಚು. ನನ್ನ ಅಪ್ಪ ನೇತ್ರಾವತಿ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಗೂಡಿನ ಬಿಸಿಗೆ ಅವರ ಮುಂಗೈಯ ಕೂದಲು ಯಾವತ್ತೂ ಸರಿಯಾಗಿ ಬೆಳೆಯಲೇ ಇಲ್ಲ. ಇದನ್ನು ಒಂದು ಮನೆಯಲ್ಲಿ ಸುಮ್ನೆ ಹೇಳಿದೆ. ಆ ಯಜಮಾನರು ಏನೂ ಮಾತಾಡದೆ ಅಂಗಿಯ ತೋಳು ಮಡಚಿ ತಮ್ಮ ಕೈ ತೋರಿಸಿದರು. ಆಮೇಲೆ ಒಂದು ಗಂಟೆ ಮಣ್ಣಿನ ಮಾತು. ಬೆಡ್‌ಫರ್ಡ್ ಸುತ್ತಿನ ಜೇಡಿಮಣ್ಣಿನಲ್ಲೇ ಉರಿಯುವ ಅಂಶ ಇದೆಯಂತೆ, ಇಟ್ಟಿಗೆ ಅರ್ಧ ತನ್ನಷ್ಟಕ್ಕೇ ಬೇಯುತ್ತದಂತೆ, ಕಲ್ಲಿದ್ದಲು ಕಡಿಮೆ ಸಾಕಂತೆ. ಸುಟ್ಟ ಇಟ್ಟಿಗೆ ತೆಗೆಯಲು ಇನ್ನೂ ಬಿಸಿಯಿರುವ ಗೂಡಿನೊಳಗೆ ನುಗ್ಗಬೇಕಿತ್ತಂತೆ. ಆ ಭಾನುವಾರದಿಂದ ಅವರು ಮುಂದಿನ ಬೆಂಚಿಗೆ ಬಂದು ಕೂತರು.

ಸಿಸಿಲಿಯ ಮನೆಗಳಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಅಲ್ಲಿನ ಹಳಬರು ಪಾದ್ರಿಯನ್ನು ಕಂಡರೆ 'ಸಬ್ಬೆನೆರಿಕಾ' ಅನ್ನುತ್ತಾರೆ. ಆಶೀರ್ವಾದ ಮಾಡಿ ಅಂತ ಅರ್ಥ. ನಮ್ಮ ಮಂಗಳೂರು ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆ ಜಪಸರ ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈ ಮುಗಿದು 'ಬೆಸಾಂವ್' ಕೇಳುತ್ತಾರಲ್ಲ, ಥೇಟ್ ಅದೇ. ನಾನು ಅದನ್ನು ವಿವರಿಸಿದ ಮೇಲೆ ಒಬ್ಬ ಅಜ್ಜಿ ನನ್ನನ್ನು ಪಾದ್ರೆ ಅನ್ನುವುದು ಬಿಟ್ಟು 'ಮಗನೇ' ಅನ್ನತೊಡಗಿದರು. ಕೇಳುವುದು ಮಾತ್ರ ಆಶೀರ್ವಾದವೇ. ವಯಸ್ಸಿನಲ್ಲಿ ನನಗಿಂತ ನಲವತ್ತು ವರ್ಷ ದೊಡ್ಡವರು. ಮೊದಮೊದಲು ಕೈ ಎತ್ತಲು ಮುಜುಗರವಾಗುತ್ತಿತ್ತು.

ಭಾಷೆಯ ವಿಷಯದಲ್ಲಿ ನನ್ನ ಸೊಕ್ಕು ಮುರಿದದ್ದು ಆಸ್ಪತ್ರೆಯಲ್ಲಿ. ಆವೆಲ್ಲೀನೋ ಕಡೆಯ ಒಬ್ಬ ಅಮ್ಮ ಮಲಗಿದ್ದರು. ಮರೆವಿನ ಕಾಯಿಲೆ. ಅರವತ್ತು ವರ್ಷ ಇಂಗ್ಲೆಂಡಿನಲ್ಲಿ ಬಾಳಿದವರು, ಆದರೆ ಮೊದಲು ಹೋದದ್ದು ಇಂಗ್ಲಿಷ್. ಆಮೇಲೆ ಶಾಲೆಯ ಇಟಾಲಿಯನ್. ಉಳಿದದ್ದು ಹಳ್ಳಿಯ ಮಾತು. 'ಮಪ್ಪೀನ, ಮಪ್ಪೀನ' ಎಂದು ಒಂದೇ ಸಮನೆ ಕರೆಯುತ್ತಿದ್ದರು. ಸತ್ತುಹೋದ ಅಕ್ಕನೋ ತಂಗಿಯೋ ಇರಬೇಕು ಅಂದುಕೊಂಡೆ. ಕೈ ಹಿಡಿದು, ಮಪ್ಪೀನ ದೇವರ ಬಳಿ ಸುಖವಾಗಿದ್ದಾಳೆ ಎಂದು ಸಮಾಧಾನ ಹೇಳಿದೆ. ಅವರು ಸಿಟ್ಟಿನಿಂದ ಮುಖ ತಿರುಗಿಸಿದರು. ಸಂಜೆ ಬಂದ ಮಗನನ್ನು ಕೇಳಿದೆ. ಅವರು ಕಾರಿಡಾರಿನ ಗೋಡೆಗೆ ಒರಗಿ ನಗುತ್ತಾ ನಗುತ್ತಾ ಅತ್ತುಬಿಟ್ಟರು. ಮಪ್ಪೀನ ಅಂದರೆ ಅಡುಗೆಮನೆಯಲ್ಲಿ ಕೈ ಒರೆಸುವ ಬಟ್ಟೆ. ಅಮ್ಮ ಎಚ್ಚರವಿದ್ದಷ್ಟು ಹೊತ್ತೂ ಅದು ಅವರ ಭುಜದ ಮೇಲೇ ಇರುತ್ತಿತ್ತಂತೆ. ಮರುದಿನ ಮನೆಯಿಂದ ಒಂದು ಹಳೇ ಬಟ್ಟೆ ತಂದುಕೊಟ್ಟರು. ಅದನ್ನು ಹಿಡಿದುಕೊಂಡ ಮೇಲೆ ಅಮ್ಮ ನನ್ನ ಜೊತೆ 'ನಮೋ ಮರಿಯಾ' ಪ್ರಾರ್ಥನೆಯನ್ನು ಪೂರ್ತಿ ಹೇಳಿದರು. ಲ್ಯಾಟಿನ್‌ನಲ್ಲಿ. ಅವರು ಚಿಕ್ಕವರಿದ್ದಾಗ ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್‌ನಲ್ಲೇ ಅಲ್ವಾ, ನನಗೆ ಅದೂ ಹೊಳೆದಿರಲಿಲ್ಲ.

ಅಂದಿನಿಂದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅಡುಗೆಮನೆಯ ಪದಗಳನ್ನು ಬರೆಯತೊಡಗಿದೆ. ಪ್ರಬೋಧನೆ ಏಳು ನಿಮಿಷಕ್ಕೆ ಇಳಿಯಿತು.

ಕಷ್ಟವಾದದ್ದು ಸಾವಿನ ಪೂಜೆಗಳು. ಮದುವೆಗಿಂತ ಅವೇ ಜಾಸ್ತಿ. ಮುಂದಿನ ಸಾಲಿನಲ್ಲಿ ಇಂಗ್ಲಿಷ್ ಅರ್ಥವಾಗದ ವಿಧವೆ, ಹಿಂದೆ ಇಟಾಲಿಯನ್ ಬಾರದ ಮೊಮ್ಮಕ್ಕಳು. ಒಂದೊಂದು ವಾಕ್ಯವನ್ನೂ ಎರಡು ಭಾಷೆಯಲ್ಲಿ ಹೇಳಿ ನೋಡಿದೆ. ಇಬ್ಬರಿಗೂ ಬೇಸರ. ಆಮೇಲೆ ಹಂಚಿಬಿಟ್ಟೆ. ವಾಚನ, ಪ್ರಬೋಧನೆ ಮೊಮ್ಮಕ್ಕಳಿಗೆ ಇಂಗ್ಲಿಷ್‌ನಲ್ಲಿ. ಹಿಂದಿನ ಸಂಜೆ ಮನೆಯಲ್ಲಿ ಜಪಸರ ಅಜ್ಜಿಗೆ ಅವರ ಮಾತಿನಲ್ಲಿ. ಅವರೇ ಮುಂದಾಳು, ನಾನು ಸುಮ್ಮನೆ ಉತ್ತರ ಹೇಳುವವನು. ಇದು ನನಗೆ ಸೆಮಿನರಿಯಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ.

ನಮ್ಮ ಚರ್ಚು 1965ರದು, ವಲಸಿಗರ ಪಾಲಕಿ ಸಂತ ಫ್ರಾನ್ಸೆಸ್ಕಾ ಕಬ್ರೀನಿಯ ಹೆಸರಿನಲ್ಲಿದೆ. ಆಕೆಗೆ ಚೀನಾಕ್ಕೆ ಹೋಗುವ ಆಸೆಯಿತ್ತು, ಪೋಪ್ 13ನೇ ಲಿಯೋ ಅಮೆರಿಕದ ಇಟಾಲಿಯನ್ನರ ಬಳಿಗೆ ಕಳಿಸಿದರು. ಒಮ್ಮೆ ಕಾಫಿ ಹೊತ್ತಿನಲ್ಲಿ ನಾನೂ ಜಂಬ ಕೊಚ್ಚಿದೆ. ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ ತುಂಬ ಚಿತ್ರ ಬರೆದದ್ದು ನಿಮ್ಮ ಇಟಲಿಯವರೇ, ಆಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ ಎಂದೆ. 'ಯಾವ ಊರಿನವರು?' ಎಂದು ಕೇಳಿದರು. ಬೆರ್ಗಾಮೊ ಕಡೆಯವರು ಎಂದೆ. 'ಓ, ಉತ್ತರದವನು' ಎಂದು ಎಲ್ಲರೂ ಬಿಸ್ಕತ್ತಿಗೆ ಕೈ ಹಾಕಿದರು. ಅಲ್ಲಿಗೆ ಮುಗಿಯಿತು.

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರಕ್ಕೆ ದಕ್ಷಿಣ ಇಟಲಿಯವರದೊಂದು ಪದ್ಧತಿ ಇದೆ. ತಟ್ಟೆಯಲ್ಲಿ ಒದ್ದೆ ಹತ್ತಿ ಹಾಸಿ ಗೋಧಿ ಬಿತ್ತುತ್ತಾರೆ. ಮೂರು ವಾರ ಕತ್ತಲಲ್ಲಿ ಇಡುತ್ತಾರೆ. ಬೆಳಕು ಕಾಣದ ಪೈರು ಬೆಳ್ಳಗೆ, ತೆಳ್ಳಗೆ ಬೆಳೆಯುತ್ತದೆ. ಕೆಂಪು ರಿಬ್ಬನ್ ಕಟ್ಟಿ ಪರಮಪ್ರಸಾದದ ಮುಂದೆ ಇಡುತ್ತಾರೆ. ಬೆಸಾಂವ್ ಕೇಳುವ ಅಜ್ಜಿ ಪ್ರತಿ ವರ್ಷ ತಮ್ಮ ಬಟ್ಟೆಯ ಬೀರುವಿನಲ್ಲಿ ಬೆಳೆಸುತ್ತಿದ್ದರು. ಸೊಂಟ ಮುರಿದ ವರ್ಷ ಫೋನಿನಲ್ಲಿ ನನಗೆ ಹೇಳಿಕೊಟ್ಟರು. ನಾನು ಪೂಜಾವಸ್ತ್ರಗಳ ಬೀರುವಿನಲ್ಲಿ ತಟ್ಟೆ ಇಟ್ಟೆ. ದಿನಾ ಬೆಳಿಗ್ಗೆ ಫೋನ್ ಮಾಡಿ, ನೀರು ಹಾಕಿದ್ರಾ ಎಂದು ಕೇಳುತ್ತಿದ್ದರು. ಹಾಕಿದ್ದೆ. ಆದರೆ ಕುತೂಹಲ ತಡೆಯದೆ ದಿನಕ್ಕೆ ನಾಲ್ಕು ಸಲ ಬಾಗಿಲು ತೆಗೆದು ನೋಡುತ್ತಿದ್ದೆ. ಒಂದು ರಾತ್ರಿ ಮುಚ್ಚಲು ಮರೆತೆ.

ಗುರುವಾರ ಆ ತಟ್ಟೆಯನ್ನು ಮೇಣದಬತ್ತಿಗಳ ಹಿಂದೆ ಅಡಗಿಸಿ ಇಟ್ಟೆ. ಗಾಲಿಕುರ್ಚಿಯಲ್ಲಿ ಬಂದ ಅಜ್ಜಿಗೆ ಅದನ್ನು ಹುಡುಕಲು ಒಂದು ನಿಮಿಷವೂ ಬೇಕಾಗಲಿಲ್ಲ. 'ಹಸಿರು' ಅಂದರು, ಮುಂದಿನ ಎರಡು ಬೆಂಚಿಗೆ ಕೇಳುವಷ್ಟು ಜೋರಾಗಿ. ಆಮೇಲೆ ತಟ್ಟೆ ತರಿಸಿ ಮಡಿಲಲ್ಲಿ ಇಟ್ಟುಕೊಂಡು, ನಾನು ಕಟ್ಟಿದ್ದ ರಿಬ್ಬನ್ ಬಿಚ್ಚಿ ತಾವೇ ಮತ್ತೆ ಕಟ್ಟಿದರು.